ಲೋಡರ್ ಮುಂದೆ ಹುಲ್ಲಿನ ಕಟ್ಟರ್: ತಗ್ಗು-ದಿಣ್ಣೆ ತೋಟದಲ್ಲಿ ಎರಡು ದಿನ ಓಡಿಸಿ ನೋಡಿದ್ದು

ಧಾರವಾಡದಿಂದ ಕಲಘಟಗಿ ಕಡೆ ನಮ್ಮದೊಂದು ಆರು ಎಕರೆ ಮಾವಿನ ತೋಟ ಇದೆ. ಆಪೂಸ್ ಗಿಡಗಳು, ಅಪ್ಪ ಹಚ್ಚಿದ್ದು. ಮಸಾರಿ ನೆಲ, ಅರ್ಧ ಇಳಿಜಾರು, ನಡುವೆ ಹಳೇ ಒಡ್ಡುಗಳು, ಎಲ್ಲಿ ಕಾಲಿಟ್ಟರೂ ಕಲ್ಲು. ಮಳೆಗಾಲ ಮುಗಿಯುವ ಹೊತ್ತಿಗೆ ಹುಲ್ಲು ಎದೆಮಟ್ಟ ಬಂದಿರುತ್ತೆ, ಅದರೊಳಗೆ ಕಾಂಗ್ರೆಸ್ ಕಸ, ಒಡ್ಡಿನ ಮೇಲೆ ಜಾಲಿ ಕಂಟಿ. ದೀಪಾವಳಿ ಆದ ಮೇಲೆ ಇದನ್ನ ತೆಗೆಸದಿದ್ದರೆ ಗಿಡ ಹೂ ಬಿಡುವಾಗ ಔಷಧ ಹೊಡೆಯೋಕೆ ಹತ್ತಿರ ಹೋಗಲಾಗುವುದಿಲ್ಲ. ಫೆಬ್ರವರಿ ಬಂತು ಅಂದರೆ ಇನ್ನೂ ಭಯ, ದಾರಿಯಲ್ಲಿ ಹೋಗೋರು ಯಾರಾದರೂ ಒಂದು ಬೀಡಿ ತುಂಡು ಎಸೆದರೆ ಮುಗೀತು.

ಈ ಸಲ ಸ್ಕಿಡ್ ಲೋಡರ್ ಬಾಡಿಗೆಗೆ ತಂದೆ, ಮುಂದೆ ಬಕೆಟ್ ಇರುವ ನಾಲ್ಕು ಗಾಲಿಯ ಗಿಡ್ಡ ಮಷಿನ್ ಅದು. ನಮ್ಮ ಕಡೆ ಯಾವ ಕಂಪನಿಯದಾದರೂ ಅದು ಬಾಬ್‌ಕ್ಯಾಟೇ, ಯಾವ ಮಷಿನ್ನಲ್ಲಿ ತೆಗೆದರೂ ಜೆರಾಕ್ಸ್ ಅಂದ ಹಾಗೆ. ಅದರ ಬಕೆಟ್ ಬಿಚ್ಚಿ ಐದು ಅಡಿ ಅಗಲದ ರೋಟರಿ ಕಟ್ಟರ್ ಹಾಕಿದ್ದರು. ಹುಬ್ಬಳ್ಳಿ ಬೈಪಾಸ್ ಕಡೆಯ ಒಬ್ಬ ಬಾಡಿಗೆಯವರದು, ಹೆಸರು ಬೇಡ. ಮಷಿನ್‌ಗೆ ಐದಕ್ಕೆ ನಾಲ್ಕು ಮಾರ್ಕು, ಬಾಡಿಗೆ ಕೊಟ್ಟವರಿಗೆ ಎರಡೂವರೆ. ಆ ಎರಡೂವರೆಯಲ್ಲೂ ಹೆಚ್ಚಿನದು ಆಪರೇಟರ್ ಹುಡುಗನಿಗೆ ಸೇರಬೇಕು.

ಮೊದಲು ನಮ್ಮ ಟ್ರ್ಯಾಕ್ಟರ್ ಸ್ಲ್ಯಾಷರ್ (ಟ್ರ್ಯಾಕ್ಟರ್ ಹಿಂದೆ ಕಟ್ಟುವ ಹುಲ್ಲಿನ ಕಟ್ಟರ್) ವಿಷಯ, ಯಾಕಂದರೆ "ಅದು ಇರುವಾಗ ಇದು ಯಾಕೆ" ಅಂತ ಎಲ್ಲರೂ ಕೇಳುತ್ತಾರೆ. ಹಿಂದೆ ಕಟ್ಟಿದ ಸ್ಲ್ಯಾಷರಿಗೆ ಶಕ್ತಿಯ ಕೊರತೆ ಇಲ್ಲ. ಪಿಟಿಒ, ಅಂದರೆ ಎಂಜಿನ್ ಬಲವನ್ನ ಹಿಂದಿನ ಉಪಕರಣಕ್ಕೆ ಮುಟ್ಟಿಸುವ ದಂಡ, ನಿಮಿಷಕ್ಕೆ 540 ಸುತ್ತು ತಿರುಗಿತು ಅಂದರೆ ಎಂಜಿನ್ ಬಲ ಹೆಚ್ಚುಕಡಿಮೆ ಪೂರ್ತಿ ಬ್ಲೇಡಿಗೆ ಹೋಗುತ್ತೆ. ಸಪಾಟು ಹೊಲಕ್ಕೆ ಅದಕ್ಕಿಂತ ಸೋವಿ ದಾರಿ ಇಲ್ಲ, ನವಲಗುಂದ ಕಡೆಯವರು ಈ ಬರಹ ಓದೋದೇ ಬೇಡ. ನಮ್ಮಂಥ ನೆಲದಲ್ಲಿ ಮುಂದಿನ ಗಾಲಿ ತಗ್ಗಿಗೆ ಇಳಿದ ಕೂಡಲೇ ಸ್ಲ್ಯಾಷರ್ ಬಾಲ ಎತ್ತುತ್ತೆ, ಗಾಲಿ ದಿಣ್ಣೆ ಹತ್ತಿದರೆ ಬಾಲ ನೆಲಕ್ಕೆ ಕುಕ್ಕುತ್ತೆ. ಸ್ಲ್ಯಾಷರನ್ನ ಟ್ರ್ಯಾಕ್ಟರಿಗೆ ಮೇಲಿಂದ ಹಿಡಿಯುವ ಗಟ್ಟಿ ರಾಡು, ಟಾಪ್ ಲಿಂಕ್, ಅದರ ಬದಲು ಚೈನ್ ಹಾಕಿದರೆ ಇದು ಸುಮಾರು ಕಡಿಮೆ ಆಗುತ್ತೆ, ಹಾಕಿಯೂ ನೋಡಿದ್ದೇವೆ. ಆದರೆ ಗಾಲಿ ತುಳಿದು ಮಲಗಿಸಿದ ಹುಲ್ಲು ಮಾತ್ರ ಬ್ಲೇಡಿಗೆ ಸಿಗುವುದಿಲ್ಲ, ಎರಡು ದಿನ ಬಿಟ್ಟು ನೋಡಿದರೆ ಎರಡು ಸಾಲು ಎದ್ದು ನಿಂತಿರುತ್ತೆ. ಇನ್ನೊಂದು, ಹುಲ್ಲಿನೊಳಗೆ ಕಲ್ಲಿದೆಯೋ ಗುಂಡಿ ಇದೆಯೋ ಹಾವಿದೆಯೋ ಮೊದಲು ಗೊತ್ತಾಗೋದು ಗಾಲಿಗೆ, ನಮಗಲ್ಲ. ಕಂಟಿಯೊಳಗೆ ಹೋಗಬೇಕಾದರೆ ರಿವರ್ಸ್. ಇಡೀ ದಿನ ಹಿಂದೆ ತಿರುಗಿ ತಿರುಗಿ ನೋಡಿ ಸಂಜೆ ಊಟಕ್ಕೆ ಕೂತರೆ ಕುತ್ತಿಗೆ ತಿರುಗುತ್ತಿರಲಿಲ್ಲ.

ಅದಕ್ಕೇ ಎರಡು ವರ್ಷದ ಹಿಂದೆ ಟ್ರ್ಯಾಕ್ಟರ್ ಮುಂದಿನ ಲೋಡರಿಗೇ ಕಟ್ಟರ್ ಕೂರಿಸುವ ಹುಚ್ಚು ಹತ್ತಿತ್ತು. ಧಾರವಾಡ ಕೃಷಿ ಮೇಳದಲ್ಲಿ ಅಂಥದ್ದೊಂದನ್ನ ನೋಡಿ ಬಂದಿದ್ದೆ. ಮೇಳದ ಮೈದಾನ ಸಪಾಟು, ಅಲ್ಲಿ ಯಾವ ಮಷಿನ್ ನಿಲ್ಲಿಸಿದರೂ ಚೆಂದ ಕಾಣುತ್ತೆ. ನಾನು ಹಳೇ ಸ್ಲ್ಯಾಷರ್ ಡೆಕ್ಕಿಗೆ (ಬ್ಲೇಡಿನ ಮೇಲಿನ ತಗಡಿನ ಹೊದಿಕೆ) ಆಯಿಲ್ ಒತ್ತಡದಲ್ಲಿ ತಿರುಗುವ ಹೈಡ್ರಾಲಿಕ್ ಮೋಟಾರ್ ಕೂರಿಸಿ, ವೆಲ್ಡಿಂಗ್ ಅಂಗಡಿಯಲ್ಲಿ ಪ್ಲೇಟ್ ಮಾಡಿಸಿ, ಲೋಡರ್ ತೋಳಿಗೆ ಪಿನ್ ಹೊಡೆಸಿದೆ. ಶೆಡ್ಡಿನ ಮುಂದೆ ಚೆನ್ನಾಗಿಯೇ ತಿರುಗಿತು, ಫೋಟೋನೂ ತೆಗೆದೆವು. ತೋಟಕ್ಕೆ ಒಯ್ದರೆ ದಪ್ಪ ಹುಲ್ಲು ಸಿಕ್ಕ ಜಾಗದಲ್ಲೆಲ್ಲಾ ಬ್ಲೇಡು ಗಕ್ಕನೆ ನಿಲ್ಲೋದು.

ತಪ್ಪು ಬ್ಲೇಡಿನದಲ್ಲ, ಆಯಿಲಿನದು. ಲೆಕ್ಕ ಸುಲಭ, ಮೊದಲೇ ಹಾಕಿದ್ದರೆ ದುಡ್ಡು ಉಳೀತಿತ್ತು. ನಿಮಿಷಕ್ಕೆ ಎಷ್ಟು ಲೀಟರ್ ಆಯಿಲ್ ಬರುತ್ತೆ, ಎಷ್ಟು ಬಾರ್ ಒತ್ತಡದಲ್ಲಿ ಬರುತ್ತೆ, ಎರಡನ್ನೂ ಗುಣಿಸಿ 600ರಿಂದ ಭಾಗಿಸಿದರೆ ಕಿಲೋವ್ಯಾಟ್ ಸಿಗುತ್ತೆ. ನಮ್ಮ ಟ್ರ್ಯಾಕ್ಟರಿನ ಆಯಿಲ್ ಪಂಪು 40 ಲೀಟರ್, 180 ಬಾರ್. ಅಂದರೆ 12 ಕಿಲೋವ್ಯಾಟ್, ಸುಮಾರು 16 ಎಚ್‌ಪಿ. ಪೈಪು, ಮೋಟಾರ್ ಅಂತ ದಾರಿಯಲ್ಲಿ ಸೋರಿಹೋಗೋದು ಬೇರೆ. ಎಂಜಿನ್ 45 ಎಚ್‌ಪಿ ಇದ್ದರೇನು, ಬ್ಲೇಡಿಗೆ ಮುಟ್ಟೋದು ಇಷ್ಟೇ. ಈ ಸಲ ಬಂದ ಸ್ಕಿಡ್ ಲೋಡರಿನದು 70 ಲೀಟರ್, 210 ಬಾರ್. ಭಾಗಿಸಿ ನೋಡಿ, 33 ಎಚ್‌ಪಿ ಹತ್ತಿರ ಬರುತ್ತೆ. ಐದು ಅಡಿ ಕಟ್ಟರಿಗೆ ಅಷ್ಟು ಬೇಕೇ ಬೇಕು.

ಈಗ ಬಾಡಿಗೆ ಮಷಿನ್ ಬಂದ ದಿನದ ಕಥೆ. ಬೆಳಿಗ್ಗೆ ಏಳಕ್ಕೆ ಬರುತ್ತೇವೆ ಅಂದವರು ಹತ್ತೂಕಾಲಿಗೆ ಬಂದರು, ಅದನ್ನ ಬಿಡಿ, ನಮ್ಮ ಕಡೆ ಅದು ತಡ ಅಲ್ಲ. ಆಪರೇಟರ್ ಸಣ್ಣ ಹುಡುಗ, ಹಾವೇರಿ ಕಡೆಯವನು. ಕಟ್ಟರನ್ನ ಲಾರಿಯಿಂದ ಇಳಿಸಿ, ಲೋಡರ್ ಪ್ಲೇಟನ್ನ ಅದರ ಕೆಳಗೆ ತೂರಿಸಿ, ಎರಡು ಲಿವರ್ ಒತ್ತಿ ಲಾಕ್ ಮಾಡಿ, ಮೂತಿ ಎತ್ತಿ ಅಲ್ಲಾಡಿಸಿ ನೋಡಿದ. ಹತ್ತು ನಿಮಿಷವೂ ಹಿಡಿಯಲಿಲ್ಲ. ನಾನು ವೆಲ್ಡಿಂಗ್ ಅಂಗಡಿ ಮುಂದೆ ನಾಲ್ಕು ದಿನ ಕೂತದ್ದು ನೆನಪಾಗಿ ನಗು ಬಂತು. ಆಮೇಲೆ ಪೈಪು ಜೋಡಿಸೋಕೆ ಶುರು ಮಾಡಿದ. ದಪ್ಪನೆಯವು ಎರಡು ಹಾಕಿದ. ಕಟ್ಟರ್ ಮೋಟಾರಿನಿಂದ ಸಣ್ಣದೊಂದು ಮೂರನೇ ಪೈಪು ಬಂದಿತ್ತು, ಅದರ ಬಾಯಿಗೆ ಡಮ್ಮಿ ಹಾಕಿ ಮೇಲಕ್ಕೆ ಕಟ್ಟಿಬಿಟ್ಟಿದ್ದರು.

"ತಮ್ಮಾ, ಇದ್ಯಾಕ ಬಿಟ್ಟಿ?"

"ಅಣ್ಣಾರ, ಅದರ ಕಪ್ಲಿಂಗ್ ಹೋಗೇತ್ರಿ. ಮಾಲಕರು ಅದಿಲ್ಲದನೂ ನಡೀತೈತಿ ಅಂದಾರ್ರಿ."

ನಡೀತು, ಒಂದು ಗಂಟೆ. ಆ ಸಣ್ಣ ಪೈಪು ಸುಮ್ನೆ ಇಟ್ಟಿರೋದಲ್ಲ. ಮೋಟಾರ್ ಒಳಗೆ ಸಂದುಗಳಲ್ಲಿ ಸೋರುವ ಆಯಿಲ್ ಅದರ ಮೂಲಕ ನೇರ ಟ್ಯಾಂಕಿಗೆ ವಾಪಸ್ ಹೋಗಬೇಕು. ಬಾಯಿ ಮುಚ್ಚಿದರೆ ಒತ್ತಡ ಮೋಟಾರ್ ಹೊಟ್ಟೆಯೊಳಗೇ ಏರುತ್ತೆ, ಹೊರಬರೋಕೆ ಮೆತ್ತನೆಯ ಜಾಗ ಹುಡುಕುತ್ತೆ, ಅದು ಶಾಫ್ಟ್ ಸೀಲ್, ಮೋಟಾರಿನ ತಿರುಗುವ ದಂಡದ ಸುತ್ತ ಆಯಿಲ್ ತಡೆಯುವ ಬಳೆ. ಹನ್ನೊಂದೂವರೆಗೆ ಡೆಕ್ ಮೇಲೆ ಆಯಿಲ್ ಹೊಳೆಯೋಕೆ ಶುರುವಾಯ್ತು, ಅದರ ಮೇಲೆ ಹುಲ್ಲಿನ ಪುಡಿ ಕೂತು ಹಸಿರು ಚಟ್ನಿ ಆಗಿತ್ತು. ನಿಲ್ಲಿಸಿ, ಹುಬ್ಬಳ್ಳಿಯಿಂದ ಸೀಲೂ ಕಪ್ಲಿಂಗೂ ತರಿಸಿ ಹಾಕುವಷ್ಟರಲ್ಲಿ ಸಂಜೆ ನಾಲ್ಕು. ಮಾಲೀಕರಿಗೆ ಫೋನ್ ಮಾಡಿದರೆ "ನಿಮ್ಮ ಕಲ್ಲು ಬಡಿದಿರಬೇಕ್ರಿ" ಅಂದರು. ಕಲ್ಲು ಬಡಿದರೆ ಬ್ಲೇಡು ಹೋಗುತ್ತೆ ಮಾರಾಯರೇ, ಸೀಲಲ್ಲ.

ಆದರೆ ಒಂದು ಸಲ ಸರಿಯಾಗಿ ಕೂತ ಮೇಲೆ ಆ ಮಷಿನ್ ಮಾಡಿದ ಕೆಲಸ ನೋಡೋಕೆ ಖುಷಿ ಆಗುತ್ತಿತ್ತು. ಕಟ್ಟರ್ ಮುಂದೆ ಇರೋದರಿಂದ ಹುಲ್ಲು ನಿಂತಿರುವಾಗಲೇ ಕತ್ತರಿಸಿಕೊಳ್ಳುತ್ತೆ, ಗಾಲಿ ಆಮೇಲೆ ಬರುತ್ತೆ. ಬೆರಳು ದಪ್ಪದ ಜಾಲಿ ಕಂಟಿ ಒಂದೇ ಏಟಿಗೆ ಚೂರು. ಬ್ಲೇಡುಗಳು ಕೆಳಗಿನ ದುಂಡನೆಯ ತಟ್ಟೆಗೆ ಒಂದೊಂದು ಬೋಲ್ಟಿನ ಮೇಲೆ ಸಡಿಲ ನೇತಾಡುತ್ತಿರುತ್ತವೆ. ಕಲ್ಲು ಬಡಿದರೆ ಮುರಿಯೋ ಬದಲು ಹಿಂದಕ್ಕೆ ಮಡಚಿಕೊಳ್ಳುತ್ತವೆ, ಬೊಡ್ಡೆ ಸಿಕ್ಕರೆ ತಟ್ಟೆ ಅದರ ಮೇಲೆ ಜಾರಿ ಹೋಗುತ್ತೆ.

ತಗ್ಗು-ದಿಣ್ಣೆಯಲ್ಲಿ ಗುಟ್ಟಿರೋದು ಫ್ಲೋಟ್‌ನಲ್ಲಿ. ತೋಳಿನ ಲಿವರನ್ನ ಫ್ಲೋಟ್‌ಗೆ ಹಾಕಿದರೆ ಸಿಲಿಂಡರಿನ ಎರಡೂ ಕಡೆಯ ಆಯಿಲ್ ಟ್ಯಾಂಕಿಗೆ ತೆರೆದುಕೊಳ್ಳುತ್ತೆ. ಆಗ ತೋಳನ್ನ ಯಾರೂ ಹಿಡಿದಿಲ್ಲ ಅಂತಲೇ ಲೆಕ್ಕ. ಕಟ್ಟರ್ ತನ್ನ ಭಾರದಲ್ಲೇ ನೆಲಕ್ಕೆ ಕೂತು, ಅಡಿಯ ಸ್ಕಿಡ್ ಪಟ್ಟಿಗಳ ಮೇಲೆ ಜಾರುತ್ತಾ, ದಿಣ್ಣೆ ಬಂದರೆ ಏರಿ ತಗ್ಗು ಬಂದರೆ ಇಳಿದು ಹೋಗುತ್ತೆ. ನನ್ನ ಟ್ರ್ಯಾಕ್ಟರ್ ಲೋಡರ್ ವಾಲ್ವಿಗೆ ಈ ಫ್ಲೋಟ್ ಇರಲೇ ಇಲ್ಲ. ಮುಂದಿನ ಗಾಲಿ ನಾಲ್ಕು ಇಂಚು ಇಳಿದರೆ ಅದರಿಂದ ಮಾರುದ್ದ ಮುಂದೆ ನಿಂತ ಕಟ್ಟರ್ ಎಂಟು ಇಂಚು ಇಳಿಯೋದು, ಹುಲ್ಲು ಬಿಟ್ಟು ಮಣ್ಣು ಕೆತ್ತೋದು. ಹುಡುಗ ಮೊದಲ ಅರ್ಧ ಗಂಟೆ ಫ್ಲೋಟ್ ಹಾಕದೇ ಕೈಯಲ್ಲೇ ಎತ್ತಿ ಇಳಿಸಿ ಓಡಿಸುತ್ತಿದ್ದ. ಆಗ ಕತ್ತರಿಸಿದ ಹುಲ್ಲಿನ ಪಟ್ಟಿ ಮಾತ್ರ ನಮ್ಮೂರ ಕಟಿಂಗ್ ಅಂಗಡಿಯಲ್ಲಿ ಹೊಸ ಹುಡುಗನ ಕೈಗೆ ಸಿಕ್ಕ ತಲೆ ಥರ ಇತ್ತು, ಒಂದು ಕಡೆ ಬೋಳು, ಒಂದು ಕಡೆ ಮೊಳ ಉದ್ದ.

ಫ್ಲೋಟ್ ಇದ್ದರೂ ಪೂರ್ತಿ ಸಮಾಧಾನ ಆಗಲಿಲ್ಲ. ಫ್ಲೋಟ್ ಕೊಡೋದು ಮೇಲೆ-ಕೆಳಗಿನ ಸಡಿಲ ಮಾತ್ರ, ಎಡ-ಬಲದ್ದಲ್ಲ. ಒಂದು ಪಕ್ಕದ ಗಾಲಿಗಳು ಒಡ್ಡು ಹತ್ತಿದರೆ ಇಡೀ ಮಷಿನ್ ವಾಲುತ್ತೆ, ಅದರ ಜೊತೆ ಕಟ್ಟರೂ ವಾಲುತ್ತೆ. ಒಂದು ತುದಿ ಮಣ್ಣು ಕೆರೆಯುತ್ತೆ, ಇನ್ನೊಂದು ತುದಿ ಒಂದಡಿ ಮೇಲೆ. ಇದಕ್ಕೆ ಪ್ಲೇಟ್ ಮತ್ತು ಕಟ್ಟರ್ ನಡುವೆ ಒಂದು ನಡು ಪಿನ್ ಇರುವ ಮೌಂಟ್ ಬರುತ್ತೆ, ಕಟ್ಟರ್ ತನ್ನಷ್ಟಕ್ಕೆ ತಕ್ಕಡಿ ಥರ ಎಡ-ಬಲ ತೂಗುತ್ತೆ. ಇವರದು ಗಟ್ಟಿ ಮೌಂಟ್. ಕಳೆದುಕೊಂಡ ಒಂದು ಮಾರ್ಕು ಅದಕ್ಕೇ. ಒಡ್ಡುಗಳನ್ನ ಕೊನೆಗೆ ಕೈ ಮಷಿನ್ನಲ್ಲೇ ಹೊಡೆಸಿದೆ.

ತಿರುಗೋದು ಇನ್ನೊಂದು ರಗಳೆ. ಸ್ಕಿಡ್ ಲೋಡರಿಗೆ ಗಾಲಿ ಹೊರಳೋದಿಲ್ಲ, ಒಂದು ಪಕ್ಕದ ಗಾಲಿ ತಡೆದು ಇನ್ನೊಂದು ಪಕ್ಕ ಓಡಿಸಿ ಉಜ್ಜಿಕೊಂಡೇ ತಿರುಗಬೇಕು. ನಿಂತಲ್ಲೇ ಗರಗರ ತಿರುಗಿಸಿದರೆ ಹುಲ್ಲಿನ ಬೇರು ಸಮೇತ ಕಿತ್ತು ಬರುತ್ತೆ, ಗಿಡದ ಬುಡದಲ್ಲಾದರೆ ಮೇಲಿನ ಸಣ್ಣ ಬೇರುಗಳೂ ಹೋದ ಹಾಗೆ. ಹಿಂದೆ-ಮುಂದೆ ಮಾಡಿ ನಿಧಾನ ತಿರುಗಿಸು ಅಂದೆ, ಪಾಪ ಕೇಳಿದ. ಇಳಿಜಾರಿನಲ್ಲಿ ಮಾತ್ರ ನಾನು ಹೇಳೋ ಮೊದಲೇ ಅವನೇ ಹುಷಾರಿದ್ದ: ತೋಳು ಕೆಳಗೇ ಇಟ್ಟು ನೇರ ಮೇಲೆ-ಕೆಳಗೆ ಹೋಗುತ್ತಿದ್ದ, ಅಡ್ಡ ಒಂದು ಸಲವೂ ಹೊಡೆಯಲಿಲ್ಲ.

ಕಲ್ಲಿನ ವಿಷಯದಲ್ಲಿ ಹಗುರ ಬೇಡ. ಮುಂದೆ ಚೈನಿನ ಪರದೆ ಇತ್ತು, ಅದರಲ್ಲಿ ಮೂರ್ನಾಲ್ಕು ಚೈನು ಹರಿದಿತ್ತು. ಆ ಸಂದಿಯಿಂದ ನಿಂಬೆಹಣ್ಣಿನಷ್ಟು ಕಲ್ಲೊಂದು ಹಾರಿ ಪಂಪ್‌ಹೌಸ್ ತಗಡಿಗೆ ಬಡಿಯಿತು. ನಾನಿದ್ದದ್ದು ಅರವತ್ತು ಹೆಜ್ಜೆ ದೂರ. ಬಂದೂಕು ಹೊಡೆದ ಹಾಗೆ ಸದ್ದು, ತಗಡು ಒಳಕ್ಕೆ ತಗ್ಗಾಗಿದೆ. ಆಮೇಲೆ ನೂರು ಮೀಟರ್ ಒಳಗೆ ಯಾರನ್ನೂ ಬಿಡಲಿಲ್ಲ, ನಾಯಿಯನ್ನೂ ಕಟ್ಟಿಹಾಕಿದೆ. ಇನ್ನು ಆಪರೇಟರ್ ಎದುರಿಗೆ ಗಟ್ಟಿ ಪಾಲಿಕಾರ್ಬೊನೇಟ್ ಬಾಗಿಲು ಇರಬೇಕಿತ್ತು. ಇದ್ದದ್ದು ಬರೀ ಜಾಳಿಗೆ, ಮತ್ತೆ ಅವನ ಸ್ವಂತ ಖರ್ಚಿನ ಕನ್ನಡಕ. ಇದಕ್ಕೆ ನನಗೆ ನಿಜಕ್ಕೂ ಸಿಟ್ಟು ಬಂತು. ಲಿವರ್ ಬಂದ್ ಮಾಡಿದ ಮೇಲೂ ಬ್ಲೇಡು ತನ್ನ ಓಟಕ್ಕೆ ತಿರುಗುತ್ತಲೇ ಇರುತ್ತೆ, ಅದು ಪೂರ್ತಿ ನಿಲ್ಲೋ ತನಕ ಹತ್ತಿರ ಹೋಗಬೇಡಿ.

ಒಣ ಹುಲ್ಲಿನ ಪುಡಿ ರೇಡಿಯೇಟರಿಗೆ ಮೆತ್ತಿಕೊಂಡು ಎರಡನೇ ದಿನ ಎರಡು ಸಲ ಬಿಸಿ ಏರಿತ್ತು. ಊದಿ ತೆಗೆಯೋಕೆ ಗಾಳಿ ಪಂಪು ತಂದಿರಲಿಲ್ಲ, ನಮ್ಮ ಔಷಧ ಹೊಡೆಯುವ ಬ್ಲೋವರ್ ಉಪಯೋಗಕ್ಕೆ ಬಂತು.

ಇನ್ನು ದುಡ್ಡು. ಗಂಟೆಗೆ 1,600, ಡೀಸೆಲ್ ಅವರದೇ. ಲಾರಿ ಬಾಡಿಗೆ ಹೋಗಿ ಬರೋದು ಸೇರಿ 4,000. ಮೀಟರಿನಲ್ಲಿ 13 ಗಂಟೆ ಓಡಿತ್ತು. ಗಮನಿಸಿ, ಎಂಜಿನ್ ಚಾಲು ಇದ್ದರೆ ಸಾಕು, ಆ ಮೀಟರ್ ಓಡುತ್ತೆ. ಚಹಾ ಕುಡಿಯುವಾಗ, ಫೋನಲ್ಲಿ ಮಾತಾಡುವಾಗ, ಸೀಲ್ ಹಾಕಿ ಚೆಕ್ ಮಾಡುವಾಗಲೂ ಓಡಿದೆ. ನಾನು ಬೆಳಿಗ್ಗೆಯೇ ಮೀಟರ್ ಫೋಟೋ ತೆಗೆದು ಇಟ್ಟಿದ್ದೆ, ರಿಪೇರಿಯಲ್ಲಿ ನಿಂತ ಹೊತ್ತು ಗೋಡೆ ಮೇಲೆ ಇದ್ದಿಲಲ್ಲಿ ಬರೆದಿದ್ದೆ. ಅರ್ಧ ತಾಸು ಜಗಳ ಆಡಿ ಒಂದೂವರೆ ಗಂಟೆ ಕಳೆದರು. ಹನ್ನೊಂದೂವರೆ ಗಂಟೆಗೆ 18,400, ಲಾರಿ ಸೇರಿ 22,400. ಹೋದ ವರ್ಷ ಹೆಗಲಿಗೆ ಹಾಕುವ ಕಟಿಂಗ್ ಮಷಿನ್ನಿನ ನಾಲ್ಕು ಜನ ಏಳು ದಿನ ಮಾಡಿದ್ದರು, ತಲೆಗೆ ದಿನಕ್ಕೆ 900ರಂತೆ 25,200 ಆಗಿತ್ತು. ಉಳಿದದ್ದು ಜಾಸ್ತಿ ಏನಿಲ್ಲ, ಒಡ್ಡಿನ ಕೈಕೆಲಸ ಹಿಡಿದರೆ ಸಮಸಮ. ಆದರೆ ಏಳು ದಿನದ್ದು ಎರಡು ದಿನಕ್ಕೆ ಮುಗೀತು. ಆಳು ಸಿಗದ ಈ ಕಾಲದಲ್ಲಿ ನನಗೆ ಅದೇ ಬೇಕಿತ್ತು.

ಎರೆ ಹೊಲದವರಿಗೆ ಒಂದು ಮಾತು. ಗದಗ ಕಡೆ ನನ್ನ ಮಾವನವರು ಇದನ್ನೇ ತರಿಸುತ್ತೇನೆ ಅಂತ ಕೂತಿದ್ದರು, ನೆಲ ಹಸಿ ಇರುವಾಗ ಬೇಡವೇ ಬೇಡ ಅಂದೆ. ಆ ಭಾರಕ್ಕೆ, ಆ ಸಣ್ಣ ಗಾಲಿಗೆ ಹಸಿ ಎರೆ ಒಳಗೆ ಇಳಿದರೆ ಎಳೆದು ತೆಗೆಯೋಕೆ ಇನ್ನೊಂದು ಮಷಿನ್ ಬೇಕು.

ಮುಂದಿನ ವರ್ಷಕ್ಕೆ ಬೇರೆಯವರನ್ನ ವಿಚಾರಿಸುತ್ತಿದ್ದೇನೆ. ಫೋನಲ್ಲೇ ಕೇಳೋದು: ಲೀಟರ್ ಎಷ್ಟು, ಫ್ಲೋಟ್ ಇದೆಯಾ, ಮೂರನೇ ಪೈಪು ಹಾಕ್ತೀರಾ, ನಡು ಪಿನ್ನಿನ ಮೌಂಟ್ ಇದೆಯಾ, ಮುಂದೆ ಬಾಗಿಲು ಇದೆಯಾ. ಇಲ್ಲಿವರೆಗೆ ಮೂರು ಜನರಿಗೆ ಕೇಳಿದೆ. ಇಬ್ಬರು "ಬಂದು ನೋಡ್ರಿ ಸರ್" ಅಂದರು. ಒಬ್ಬರು ಮಾತ್ರ ಲೀಟರ್ ಲೆಕ್ಕ ಹೇಳಿದರು, ನಡು ಪಿನ್ನಿನದು ಫೆಬ್ರವರಿಗೆ ತರಿಸುತ್ತಾರಂತೆ. ಆ ಹುಡುಗನ ನಂಬರ್ ಇಟ್ಟುಕೊಂಡಿದ್ದೇನೆ, ಅವನೂ ಕೆಲಸ ಬದಲಿಸೋ ಯೋಚನೆಯಲ್ಲಿದ್ದಾನೆ.