ಕಿವಿ ಹಿಂದಿನ ಹಿಯರಿಂಗ್ ಏಡ್: ಆರು ಮಳೆಗಾಲ ದಾಟಿದ ಮೇಲೆ

ಮಿಷನ್ನಿಗೂ ಕಿವಿಯ ಅಳತೆಗೆ ಮಾಡಿಸಿ ಕಿವಿಯೊಳಗೆ ಕೂರಿಸುವ ಮೌಲ್ಡಿಗೂ ನಡುವೆ ಒಂದು ಪಾರದರ್ಶಕ ಟ್ಯೂಬ್ ಇರುತ್ತದಲ್ಲ, ಕಿರುಬೆರಳಿನಷ್ಟು ಉದ್ದ, ಮೂರು ಮಿಲಿಮೀಟರ್ ದಪ್ಪ, ಈ ವಿಮರ್ಶೆಯ ಹೆಚ್ಚಿನ ಪಾಲು ಅದರ ಬಗ್ಗೆಯೇ. ಚಾನೆಲ್ ಎಷ್ಟು, ಪ್ರೋಗ್ರಾಂ ಎಷ್ಟು ಎಂಬುದೆಲ್ಲ ಪೆಟ್ಟಿಗೆಯ ಮೇಲೇ ಇರುತ್ತದೆ, ನೀವು ಓದಿರುತ್ತೀರಿ. ಟ್ಯೂಬಿನ ಬಗ್ಗೆ ಎಲ್ಲೂ ಬರೆದಿರುವುದಿಲ್ಲ, ಮಾರುವವರೂ ಬಾಯಿ ಬಿಡುವುದಿಲ್ಲ. ಬಳಕೆಯಲ್ಲಿರುವುದು ಎರಡೂ ಕಿವಿಗೆ ಬಿಟಿಇ (ಕಿವಿಯ ಹಿಂದೆ ಕೂರುವ) ಮಿಷನ್, 13ನೇ ನಂಬರ್ ಸೆಲ್, ಮಿಷನ್ನನ್ನು ಟ್ಯೂಬಿಗೆ ಜೋಡಿಸುವ ಬಾಗಿದ ಪ್ಲಾಸ್ಟಿಕ್ ಹುಕ್, ಅಕ್ರಿಲಿಕ್ ಮೌಲ್ಡ್. ಊರು ಕರಾವಳಿ, ದಿನಕ್ಕೆ ಹದಿಮೂರು ಗಂಟೆಯ ಬಳಕೆ. ಇಷ್ಟು ವರ್ಷದಲ್ಲಿ "ಮಿಷನ್ ಕೆಟ್ಟಿತು" ಅನಿಸಿದ ಹತ್ತು ಸಲದಲ್ಲಿ ಎಂಟು ಸಲ ತೊಂದರೆ ಇದ್ದದ್ದು ಟ್ಯೂಬಿನಲ್ಲಿ.

ಕಿವಿಯೊಳಗಿನ ಗಾಳಿ ಯಾವಾಗಲೂ ಬೆಚ್ಚಗೆ, ತೇವ ಹೊತ್ತುಕೊಂಡಿರುತ್ತದೆ. ಟ್ಯೂಬ್ ಇರುವುದು ಹೊರಗೆ. ಜುಲೈ ತಿಂಗಳ ಥಂಡಿಗೋ ಬಸ್ಸಿನ ಎಸಿಗೋ ಅದು ತಣ್ಣಗಾದರೆ, ಅನ್ನದ ಪಾತ್ರೆಯ ಮುಚ್ಚಳದಲ್ಲಿ ಹನಿ ಕೂತ ಹಾಗೆ ಒಳಗೋಡೆಯಲ್ಲಿ ಹನಿ ಕೂರುತ್ತದೆ. ಒಳಗಿನ ತೂತು ಎರಡು ಮಿಲಿಮೀಟರ್ ಕೂಡ ಇಲ್ಲ, ಮುಚ್ಚಲು ಒಂದು ಹನಿ ಸಾಕು. ಅರ್ಧ ಮುಚ್ಚಿದರೆ ಮಾತು ಬಾವಿಯ ತಳದಿಂದ ಬಂದಂತೆ ಕೇಳುತ್ತದೆ. ಪೂರ್ತಿ ಮುಚ್ಚಿದರೆ ಮಿಷನ್ ಸತ್ತೇ ಹೋಯಿತು ಅನ್ನಿಸುತ್ತದೆ. ಆಗ ಎಲ್ಲರೂ ಮೊದಲು ಮಾಡುವುದು ಸೆಲ್ ಬದಲಿಸುವುದು. ಒಳ್ಳೆಯ ಸೆಲ್ ಒಂದು ದಂಡವಾಯಿತು ಅಷ್ಟೆ. ಅದಕ್ಕಿಂತ ಮುಂಚೆ ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿ. ಬಾಗಿದ ಜಾಗದಲ್ಲಿ ಹನಿ ಹೊಳೆಯುತ್ತಿದ್ದರೆ ಉತ್ತರ ಸಿಕ್ಕಿತು.

ಹನಿ ತೆಗೆಯುವ ಕ್ರಮ ಹೀಗೆ. ಒಂದು ಕೈಯಲ್ಲಿ ಹುಕ್ಕನ್ನು ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯಲ್ಲಿ ಟ್ಯೂಬಿನ ತುದಿಯನ್ನು ತುಸು ತಿರುಗಿಸುತ್ತಾ ಕಳಚಿ. ಮೌಲ್ಡ್ ಹಿಡಿದು ಎಳೆದರೆ ಟ್ಯೂಬ್ ಮೌಲ್ಡಿನಿಂದಲೇ ಕಿತ್ತು ಬರುತ್ತದೆ. ಅದುಮಿದರೆ ಗಾಳಿ ಬಿಡುವ ಸಣ್ಣ ರಬ್ಬರ್ ಬ್ಲೋವರಿನ ಮೂತಿಯನ್ನು ಟ್ಯೂಬಿಗೆ ಇಟ್ಟು ನಾಲ್ಕೈದು ಸಲ ಒತ್ತಿ. ಹನಿ ಮೌಲ್ಡಿನ ತುದಿಯಿಂದ ಚಿಮ್ಮಿ ಹೊರಬೀಳುತ್ತದೆ. ಬಾಯಿಂದ ಊದಬೇಡಿ, ಉಸಿರಿನಲ್ಲೇ ತೇವ ಇದೆ. ಮಿಷನ್ನಿಗೆ ಸಿಕ್ಕಿಸಿಕೊಂಡೇ ಗಾಳಿ ಹೊಡೆಯುವುದಂತೂ ಕೂಡದು, ಹನಿ ಹುಕ್ಕಿನ ಮೂಲಕ ಒಳಗಿನ ಸ್ಪೀಕರಿಗೇ ಹೋಗಿ ಕೂರುತ್ತದೆ. ಬ್ಲೋವರ್ ಮನೆಯಲ್ಲಿ ಇದ್ದರೆ ಸಾಲದು, ಹೊರಗೆ ಹೊರಟಾಗ ಚೀಲದಲ್ಲೂ ಇರಬೇಕು.

ಎರಡನೇ ಕಾಟ ಶಿಳ್ಳೆ. ಕಿವಿಗೆ ಹೋಗಬೇಕಾದ ಸದ್ದು ಸೋರಿ ಮತ್ತೆ ಮೈಕಿಗೆ ಹೊಕ್ಕಾಗ ಕುಂಯ್ ಎನ್ನುತ್ತದೆ. ಎಲ್ಲಿ ಸೋರುತ್ತಿದೆ ಎಂದು ತಿಳಿಯಲು ಅರ್ಧ ನಿಮಿಷದ ಪರೀಕ್ಷೆ ಇದೆ. ಮಿಷನ್ ಆನ್ ಇರುವಾಗಲೇ ಮೌಲ್ಡನ್ನು ಕಿವಿಯಿಂದ ತೆಗೆದು, ಅದರ ಸದ್ದು ಬರುವ ತೂತನ್ನು ಹೆಬ್ಬೆರಳಿನಿಂದ ಬಿಗಿಯಾಗಿ ಮುಚ್ಚಿ, ಗಾಳಿಯಾಡಲು ಬಿಟ್ಟ ವೆಂಟ್ ತೂತು ಇದ್ದರೆ ಅದನ್ನೂ. ಶಿಳ್ಳೆ ನಿಂತರೆ ಮಿಷನ್, ಹುಕ್, ಟ್ಯೂಬ್ ಮೂರೂ ಸರಿ ಇವೆ, ಸೋರಿಕೆ ಕಿವಿಯಲ್ಲಿ: ಮೌಲ್ಡ್ ಸಡಿಲವಾಗಿದೆ, ಇಲ್ಲವೇ ಸರಿಯಾಗಿ ಕೂತಿಲ್ಲ, ಇಲ್ಲವೇ ಕಿವಿಯಲ್ಲಿ ಗುಗ್ಗೆ ತುಂಬಿದೆ. ಶಿಳ್ಳೆ ನಿಲ್ಲದಿದ್ದರೆ ಟ್ಯೂಬ್ ಸಮೇತ ಮೌಲ್ಡ್ ಕಳಚಿ ಹುಕ್ಕಿನ ತುದಿಯನ್ನೇ ಬೆರಳಿನಿಂದ ಮುಚ್ಚಿ. ಈಗ ನಿಂತರೆ ಟ್ಯೂಬ್ ಸೀಳಿದೆ, ಇಲ್ಲವೇ ಅದರ ಜೋಡಣೆ ಸಡಿಲವಾಗಿದೆ. ಆಗಲೂ ನಿಲ್ಲದಿದ್ದರೆ ಹುಕ್ ಬಿರುಕು ಬಿಟ್ಟಿರಬೇಕು ಅಥವಾ ತೊಂದರೆ ಮಿಷನ್ನಿನ ಒಳಗಿದೆ. ಇದನ್ನು ಮಾಡಿಕೊಂಡು ಹಿಯರಿಂಗ್ ಏಡ್ ಸೆಂಟರಿಗೆ ಹೋದರೆ ಮಾತು ಬೇಗ ಮುಗಿಯುತ್ತದೆ, ವಾಲ್ಯೂಮ್ ತಗ್ಗಿಸಿ ಕಳಿಸುವ ಸುಲಭದ ದಾರಿ ಅವರಿಗೆ ಉಳಿಯುವುದಿಲ್ಲ. ವಾಲ್ಯೂಮ್ ತಗ್ಗಿಸಿದರೆ ಶಿಳ್ಳೆಯೇನೋ ನಿಲ್ಲುತ್ತದೆ, ಜೊತೆಗೆ ಮಾತೂ ಕೇಳದಾಗುತ್ತದೆ. ಕೊಟ್ಟ ದುಡ್ಡಿಗೆ ಅದು ಅನ್ಯಾಯ.

ಟ್ಯೂಬ್ ಏಕೆ ಹಾಳಾಗುತ್ತದೆ? ಅದು ಮೆತ್ತನೆಯ ಪ್ಲಾಸ್ಟಿಕ್. ಮೈಶಾಖ, ಬೆವರು, ತಲೆಗೆ ಹಚ್ಚುವ ಎಣ್ಣೆ ಸೇರಿ ಅದನ್ನು ಹಳದಿ ಮಾಡಿ, ಗಡಸು ಮಾಡಿ, ಸ್ವಲ್ಪ ಕುಗ್ಗಿಸುತ್ತವೆ. ಗಡಸಾದ ಟ್ಯೂಬ್ ಬಾಯಿ ಅಗಿದಾಗ, ಕತ್ತು ತಿರುಗಿಸಿದಾಗ ಬಾಗುವ ಬದಲು ಮೌಲ್ಡನ್ನೇ ಎಳೆಯುತ್ತದೆ. ಊಟದ ಹೊತ್ತಿಗೇ ಶಿಳ್ಳೆ ಹೆಚ್ಚು ಬರುತ್ತಿದ್ದರೆ ಮೊದಲು ಟ್ಯೂಬನ್ನು ಚಿವುಟಿ ನೋಡಿ. ಹೊಸದು ಬಾಗಿ ತಕ್ಷಣ ಹಿಂದಕ್ಕೆ ಬರುತ್ತದೆ, ಹಳೆಯದು ಒಣಗಿದ ಕಡ್ಡಿಯಂತೆ ಸೆಟೆಯುತ್ತದೆ. ಮೂರರಿಂದ ಆರು ತಿಂಗಳಿಗೊಮ್ಮೆ ಬದಲಿಸಬೇಕು. ನಮ್ಮ ಕಡೆಯ ಹವೆಗೆ ನಾಲ್ಕು ತಿಂಗಳೇ ಲೆಕ್ಕ.

ಬದಲಿಸುವುದನ್ನು ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಹತ್ತಿರ ಒಮ್ಮೆ ಕೂತು ನೋಡಿ ಕಲಿತರೆ ಅಕ್ರಿಲಿಕ್ ಮೌಲ್ಡಿಗೆ ಮನೆಯಲ್ಲೇ ಮಾಡಬಹುದು. ಬಾಗಿಸಿಯೇ ಬರುವ, 13ನೇ ನಂಬರ್ ಎಂದು ಕರೆಯುವ ಟ್ಯೂಬ್ ಕೇಳಿ ತನ್ನಿ (ಸೆಲ್ಲಿನ ನಂಬರಿಗೂ ಇದಕ್ಕೂ ಸಂಬಂಧವಿಲ್ಲ). ಹಳೆಯದನ್ನು ಕೀಳಿ, ಮೌಲ್ಡಿನ ತೂತಿನಲ್ಲಿ ಒಣ ಅಂಟು ಉಳಿದಿದ್ದರೆ ಕೆರೆದು ತೆಗೆಯಿರಿ. ಹೊಸ ಟ್ಯೂಬಿನ ಉದ್ದದ ಕಡೆಯ ತುದಿಯನ್ನು ಪೆನ್ಸಿಲ್ ಮೊನೆಯಂತೆ ಓರೆಯಾಗಿ ಕತ್ತರಿಸಿ. ಆ ಮೊನೆಯನ್ನು ಮೌಲ್ಡಿನ ಹೊರಗಡೆಯಿಂದ ತೂರಿಸಿ, ಕಿವಿಯೊಳಗೆ ಹೋಗುವ ತುದಿಯಿಂದ ಎಳೆಯಿರಿ. ಬಾಗಿದ ಭಾಗ ಮೌಲ್ಡಿನ ಬಾಯಿಗೆ ತಾಗುವವರೆಗೆ ಎಳೆದು, ಬಾಗು ಸರಿಯಾದ ದಿಕ್ಕಿಗೆ ಇದೆಯೇ ನೋಡಿ, ಹೊರಬಂದ ಮೊನೆಯನ್ನು ಮೌಲ್ಡಿನ ಅಂಚಿಗೆ ಸಮವಾಗಿ ಕತ್ತರಿಸಿ. ಈಗ ಮೌಲ್ಡನ್ನು ಕಿವಿಗೆ ಹಾಕಿ, ಮಿಷನ್ನನ್ನು ಕಿವಿಯ ಹಿಂದೆ ಕೂರಿಸಿ, ಹುಕ್ಕಿನ ತುದಿ ಎಲ್ಲಿಗೆ ಬರುತ್ತದೋ ಅಲ್ಲಿ ಪೆನ್ನಿನಿಂದ ಗುರುತು ಹಾಕಿ. ಹುಕ್ಕಿನ ಮೇಲೆ ಹತ್ತುವಷ್ಟು ಬಿಟ್ಟು ಕತ್ತರಿಸಬೇಕು. ಒಂದೇ ಸಲಕ್ಕೆ ಬೇಡ, ಮಿಲಿಮೀಟರ್ ಮಿಲಿಮೀಟರ್ ಆಗಿ. ಗಿಡ್ಡವಾದರೆ ಮೌಲ್ಡ್ ಮೇಲೆದ್ದು ಶಿಳ್ಳೆ, ಉದ್ದವಾದರೆ ಮಿಷನ್ ಕಿವಿ ಹಿಂದೆ ಅಲ್ಲಾಡಿ ಜಾರುತ್ತದೆ. ಮೆತ್ತನೆಯ ಸಿಲಿಕೋನ್ ಮೌಲ್ಡ್ ಆದರೆ ಈ ಕೆಲಸಕ್ಕೆ ಕೈ ಹಾಕಬೇಡಿ. ಅದಕ್ಕೆ ಮಾಮೂಲಿ ಅಂಟು ಹಿಡಿಯುವುದಿಲ್ಲ, ಒಳಗೆ ಲಾಕ್ ಇರುತ್ತದೆ, ಬಲವಂತ ಮಾಡಿದರೆ ಮೌಲ್ಡ್ ಹರಿಯುತ್ತದೆ.

ಇನ್ನೊಂದು ಸಣ್ಣ ಉಪಾಯ. ಹುಕ್ ಕಡೆಯ ತುದಿ ಮಾತ್ರ ಸಡಿಲವಾಗಿ ಕಳಚಿಕೊಳ್ಳುತ್ತಿದ್ದರೆ, ಉದ್ದ ಸಾಕಷ್ಟಿದ್ದಲ್ಲಿ ಎರಡು ಮಿಲಿಮೀಟರ್ ಕತ್ತರಿಸಿ ಮತ್ತೆ ಸಿಕ್ಕಿಸಿ. ಕೆಲವು ವಾರ ದೂಡಬಹುದು.

ಇಲ್ಲಿಯವರೆಗೆ ಬರೆದದ್ದು ದೂರಿನಂತೆ ಇದೆ. ಆದರೆ ವರ್ಷ ಕಳೆದಂತೆ ಈ ಟ್ಯೂಬಿನ ಮೇಲಿನ ಸಿಟ್ಟು ಕರಗಿದೆ. ಕಣ್ಣಿಗೆ ಕಾಣದಷ್ಟು ಸಣ್ಣ ಎಂದು ಈಗ ಎಲ್ಲರೂ ಕೇಳುವ ಆರ್‌ಐಸಿ ಮಾದರಿಯಲ್ಲಿ ಸ್ಪೀಕರ್ ಕಿವಿಯ ಒಳಗೇ ಕೂರುತ್ತದೆ. ಗುಗ್ಗೆ, ಬೆವರು, ತೇವ ಎಲ್ಲ ನೇರ ಅದರ ಮೇಲೆ. ಗುಗ್ಗೆ ತಡೆಯುವ ಅದರ ವ್ಯಾಕ್ಸ್ ಗಾರ್ಡ್ ಬದಲಿಸುತ್ತಲೇ ಇರಬೇಕು, ಸ್ಪೀಕರ್ ಹೋದರೆ ಸಾವಿರಗಳ ಲೆಕ್ಕ. ಬಿಟಿಇಯಲ್ಲಿ ಕಿವಿಯೊಳಗೆ ಹೋಗುವುದು ಬರೀ ಪ್ಲಾಸ್ಟಿಕ್. ಅದನ್ನು ತೊಳೆಯಬಹುದು. ಗುಗ್ಗೆ ಕಟ್ಟಿದರೂ, ಹನಿ ಕೂತರೂ ಕೆಡುವುದು ಅಗ್ಗದ ಟ್ಯೂಬ್. ದುಬಾರಿ ಭಾಗವನ್ನು ಈ ಟ್ಯೂಬ್ ಕಾಯುತ್ತದೆ ಎಂದು ಅರ್ಥವಾದ ಮೇಲೆ ನಾಲ್ಕು ತಿಂಗಳಿಗೊಮ್ಮೆ ಕತ್ತರಿ ಹಿಡಿಯುವುದು ಭಾರ ಅನಿಸುವುದಿಲ್ಲ.

ಚಾರ್ಜ್ ಮಾಡುವ ಮಾದರಿಯ ಬಗ್ಗೆಯೂ ಕೇಳುತ್ತಾರೆ. ಮಳೆ ಗಾಳಿಗೆ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದ ಊರಿಗೆ ಸೆಲ್ಲೇ ಸರಿ. ಕರೆಂಟ್ ಚೆನ್ನಾಗಿರುವ ಪೇಟೆಯವರಿಗೆ, ಸಣ್ಣ ಸೆಲ್ ಹಿಡಿಯಲು ಬೆರಳು ನಡುಗುವ ಹಿರಿಯರಿಗೆ ಚಾರ್ಜಿಂಗ್ ನಿಜಕ್ಕೂ ಅನುಕೂಲ. 13ನೇ ನಂಬರ್ ಸೆಲ್ಲಿನ ಅಗಲ ಎಂಟು ಮಿಲಿಮೀಟರ್ ಕೂಡ ಇಲ್ಲ, ಕೈತಪ್ಪಿದರೆ ಹುಡುಕುವುದು ಕಷ್ಟ.

ಸೆಲ್ ಗಾಳಿಯಿಂದ ನಡೆಯುವಂಥದ್ದು, ಜಿಂಕ್-ಏರ್. ಬೆನ್ನಿನ ಕಿತ್ತಳೆ ಸ್ಟಿಕರ್ ತೆಗೆದರೆ ಸಣ್ಣ ತೂತುಗಳಿಂದ ಗಾಳಿ ಒಳಹೊಕ್ಕು ಕೆಲಸ ಶುರು. ತೆಗೆದ ತಕ್ಷಣ ಮಿಷನ್ನಿನ ಸೆಲ್ ಬಾಗಿಲಿಗೆ ತುರುಕಬೇಡಿ, ತೂತು ಮೇಲೆ ಮಾಡಿ ಐದು ನಿಮಿಷ ಮೇಜಿನ ಮೇಲೆ ಇಡಿ, ಆಮೇಲೆ ಹಾಕಿ. ಸ್ಟಿಕರ್ ಮತ್ತೆ ಅಂಟಿಸಿ ಉಳಿಸಬಹುದು ಎಂಬುದು ಸುಳ್ಳು ನಂಬಿಕೆ. ಫ್ರಿಜ್ಜಿನಲ್ಲಿ ಇಡುವುದೂ ಬೇಡ, ಹೊರತೆಗೆದಾಗ ಪಸೆ ಕಟ್ಟುತ್ತದೆ. ಬಾಗಿಲು ಮುಚ್ಚಲು ಬಲ ಬೇಕಾದರೆ ಸೆಲ್ ತಲೆಕೆಳಗಾಗಿದೆ ಎಂದರ್ಥ. ಈ ಬಳಕೆಗೆ ಒಂದು ಸೆಲ್ ಹತ್ತು ದಿನ ಬರುತ್ತದೆ, ಅಂದರೆ ಎರಡು ಕಿವಿಗೆ ವರ್ಷಕ್ಕೆ ಆರು ಸೆಲ್ಲಿನ ಹನ್ನೆರಡು ಪಟ್ಟಿ. ಪಟ್ಟಿಗೆ ಇನ್ನೂರು ಎಂದು ಹಿಡಿದರೂ 2,400 ರೂಪಾಯಿ. ಮಿಷನ್ ಕೊಳ್ಳುವಾಗಲೇ ಇದನ್ನು ಬಜೆಟ್ಟಿಗೆ ಸೇರಿಸಿಕೊಳ್ಳಿ. ಮುಗಿದ ಸೆಲ್ ಮಕ್ಕಳ ಕೈಗೆ ಸಿಗಬಾರದು, ನುಂಗಿದರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು.

ಸೆಲ್ಲಿಗೆ ಗಾಳಿ ಬೇಕು ಎಂಬುದರಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ. ಇಂಥ ಮಿಷನ್ನನ್ನು ಪೂರ್ತಿ ಮುಚ್ಚಿ ಮಾಡಲು ಆಗುವುದಿಲ್ಲ. ಗಾಳಿ ಹೋಗುವ ದಾರಿಯಲ್ಲೇ ತೇವವೂ ಹೋಗುತ್ತದೆ. "ವಾಟರ್ ಪ್ರೂಫ್" ಎಂದರೂ ರಾತ್ರಿ ಮಿಷನ್ನನ್ನು ಒರೆಸಿ ಒಣಡಬ್ಬಿಯಲ್ಲಿ ಇಡುವುದನ್ನು ತಪ್ಪಿಸಬೇಡಿ.

ಆ ರಾತ್ರಿಯ ಕೆಲಸಕ್ಕೆ ಬೇಕಾದದ್ದು ಐದು ನಿಮಿಷ. ಮೊದಲು ಒಣ ಹತ್ತಿ ಬಟ್ಟೆಯಿಂದ ಮಿಷನ್ನಿನ ಬೆನ್ನು, ಹುಕ್ಕಿನ ಬುಡ, ಬಾಗಿಲಿನ ಅಂಚು ಒರೆಸಿ. ಮಿಷನ್ನನ್ನು ತಲೆಕೆಳಗಾಗಿ ಹಿಡಿದು ಮೈಕಿನ ಎರಡು ಸಣ್ಣ ತೂತುಗಳ ಮೇಲೆ ಮೆತ್ತನೆಯ ಒಣ ಬ್ರಷ್ ಆಡಿಸಿ, ಧೂಳು ಕೆಳಗೆ ಉದುರಬೇಕೇ ಹೊರತು ಒಳಗೆ ಇಳಿಯಬಾರದು. ಪಿನ್ನು, ಸೂಜಿ ಹತ್ತಿರ ತರಬೇಡಿ. ಎರಡರಲ್ಲಿ ಒಂದು ತೂತು ಮುಚ್ಚಿಕೊಂಡರೂ ಎದುರಿನವರ ಮಾತನ್ನು ಹಿಂದಿನ ಗಲಾಟೆಯಿಂದ ಬೇರ್ಪಡಿಸುವ ಶಕ್ತಿ ಹೋಗುತ್ತದೆ. ಸೆಲ್ ತೆಗೆದು ಹೊರಗಿಡಿ, ಡಬ್ಬಿಯಲ್ಲಿ ಇಟ್ಟರೆ ಸೆಲ್ಲೂ ಒಣಗುತ್ತದೆ. ಬಾಗಿಲು ತೆರೆದಿಟ್ಟು ಮಿಷನ್ನನ್ನು ಸಿಲಿಕಾ ಜೆಲ್ ಇರುವ ಡಬ್ಬಿಗೆ ಹಾಕಿ ಮುಚ್ಚಳ ಬಿಗಿ ಮಾಡಿ. ಕಿತ್ತಳೆ ಬಣ್ಣದ ಹರಳು ಹಸಿರಿಗೆ ತಿರುಗಿದರೆ ನೀರು ಕುಡಿದು ತುಂಬಿದೆ ಎಂದರ್ಥ. ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಆಡಿಸಿ, ಬಣ್ಣ ಮರಳಿದ ಮೇಲೆ ಆರಿಸಿ ತುಂಬಿ. ಉರಿ ಜೋರಾದರೆ ಹರಳಿನ ಬಣ್ಣ ಸುಟ್ಟು ಗುರುತೇ ಸಿಗದಾಗುತ್ತದೆ. ಮಳೆಗಾಲದಲ್ಲಿ ಹತ್ತು ದಿನಕ್ಕೇ ಹಸಿರಾಗುತ್ತದೆ, ಬೇಸಿಗೆಯಲ್ಲಿ ತಿಂಗಳು ಬರುತ್ತದೆ. ಮಿಷನ್ನನ್ನು ಬಿಸಿಲಿಗೆ, ಒಲೆಯ ಪಕ್ಕ, ಹೇರ್ ಡ್ರೈಯರಿಗೆ ಒಡ್ಡಬೇಡಿ.

ವಾರಕ್ಕೊಮ್ಮೆ ಮೌಲ್ಡ್ ತೊಳೆಯಬೇಕು. ಒಂದು ಸಲಕ್ಕೆ ಒಂದೇ ಕಿವಿಯದು, ಇಲ್ಲದಿದ್ದರೆ ಎಡ ಬಲ ಅದಲು ಬದಲಾಗುತ್ತದೆ. ಕೆಂಪು ಚುಕ್ಕೆ ಬಲ, ನೀಲಿ ಎಡ. ಮಿಷನ್ನಿನಿಂದ ಕಳಚಿ, ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಸೋಪಿನ ದ್ರವ ಹಾಕಿ ತೊಳೆಯಿರಿ. ಸ್ಪಿರಿಟ್, ಡೆಟಾಲ್, ಕುದಿನೀರು ಮೌಲ್ಡನ್ನೂ ಟ್ಯೂಬನ್ನೂ ಕೆಡಿಸುತ್ತವೆ. ಬ್ಲೋವರಿನಿಂದ ನೀರು ಹೊರಹಾಕಿ ರಾತ್ರಿಯಿಡೀ ಒಣಗಲು ಬಿಡಿ. ಬೆಳಗ್ಗೆ ಸಿಕ್ಕಿಸುವಾಗ ಹುಕ್ಕಿನ ಬಾಗು ಮತ್ತು ಮೌಲ್ಡಿನ ಮೂತಿ ಎರಡೂ ಒಂದೇ ಕಡೆ ನೋಡಬೇಕು.

ತಲೆಗೆ ಎಣ್ಣೆ ಹಚ್ಚುವ ದಿನ ಸ್ನಾನ ಮುಗಿದು ಕೂದಲು ಒಣಗುವ ತನಕ ಮಿಷನ್ ಡಬ್ಬಿಯಲ್ಲೇ ಇರಲಿ. ಕಿವಿಗೆ ಎಣ್ಣೆ ಬಿಡುವ ಅಭ್ಯಾಸವನ್ನೂ ನಿಲ್ಲಿಸಿ, ಗುಗ್ಗೆ ಇದ್ದರೆ ಇಎನ್‌ಟಿ ವೈದ್ಯರೇ ತೆಗೆಯಲಿ. ಮಳೆಗಾಲದಲ್ಲಿ ಕಿವಿ ತುರಿಸಿದರೆ, ಸೋರಿದರೆ ಮೌಲ್ಡ್ ಹಾಕುವುದನ್ನು ನಿಲ್ಲಿಸಿ ಅವರಲ್ಲೇ ತೋರಿಸಿ. ತೇವ ಇರುವ ಮುಚ್ಚಿದ ಕಿವಿಯಲ್ಲಿ ಬೂಷ್ಟು ಬೆಳೆಯುವುದು ಸುಲಭ.

ಫೋನ್ ವಿಷಯದಲ್ಲಿ ಬಹಳ ಜನ ತಪ್ಪು ಮಾಡುತ್ತಾರೆ. ಮಿಷನ್ನಿನ ಕಿವಿ, ಅಂದರೆ ಮೈಕು, ಇರುವುದು ಮೇಲೆ, ಕಿವಿಯ ಹಿಂದಿನ ಏಣಿನಲ್ಲಿ. ಫೋನನ್ನು ಕಿವಿಯ ತೂತಿಗೆ ಒತ್ತದೆ, ಒಂದಿಂಚು ಮೇಲಕ್ಕೆ ಸರಿಸಿ ಮೈಕಿನ ಹತ್ತಿರ ಓರೆಯಾಗಿ ಹಿಡಿದರೆ ಮಾತು ಸ್ವಚ್ಛ, ಶಿಳ್ಳೆಯೂ ಇಲ್ಲ. ಮೈಕಿನ ಬದಲು ಫೋನಿನ ಕಾಂತಕ್ಷೇತ್ರವನ್ನು ಹಿಡಿಯುವ ಟೆಲಿಕಾಯಿಲ್ ಪ್ರೋಗ್ರಾಂ ಹಾಕಿದಾಗ ಗುಂಯ್ ಎಂದರೆ ಹಳೇ ಟ್ಯೂಬ್‌ಲೈಟಿನ ಚೋಕೋ ಇನ್ವರ್ಟರೋ ಹತ್ತಿರದಲ್ಲಿದೆ, ನಾಲ್ಕು ಹೆಜ್ಜೆ ಸರಿಯಿರಿ.

ಪರಿಹಾರ ಸಿಗದ ದೂರುಗಳೂ ಇವೆ. ಹೆಲ್ಮೆಟ್ ಹಾಕಿದರೆ ಶಿಳ್ಳೆ, ಬೈಕಿನಲ್ಲಿ ಗಾಳಿಯ ಭೋರ್ಗರೆತ. ಕನ್ನಡಕದ ಕಡ್ಡಿ ದಪ್ಪವಿದ್ದರೆ ಮಿಷನ್ ಕೂರಲು ಜಾಗವೇ ಇರುವುದಿಲ್ಲ, ಹಾಗಾಗಿ ತೆಳು ಕಡ್ಡಿಯ ಫ್ರೇಮ್ ಆರಿಸಿ. ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಯಾವ ಪ್ರೋಗ್ರಾಮೂ ಪೂರ್ತಿ ನೆರವಿಗೆ ಬರುವುದಿಲ್ಲ, ಗೋಡೆಗೆ ಬೆನ್ನು ಮಾಡಿ ಕೂತರೆ ಸ್ವಲ್ಪ ವಾಸಿ.

ದುಡ್ಡಿನ ಬಗ್ಗೆ: ಹಿಯರಿಂಗ್ ಏಡಿಗೆ ಜಿಎಸ್‌ಟಿ ಇಲ್ಲ, ಬಿಲ್ಲಿನಲ್ಲಿ ಸೇರಿಸಿದ್ದರೆ ಕೇಳಿ. ಅಂಗವೈಕಲ್ಯ ಪ್ರಮಾಣಪತ್ರ ಮತ್ತು ಆದಾಯ ಪ್ರಮಾಣಪತ್ರ ಇರುವವರಿಗೆ ಅಂಗವಿಕಲರಿಗೆ ಸಾಧನ ಸಲಕರಣೆ ಕೊಡುವ ಕೇಂದ್ರದ ಎಡಿಐಪಿ ಯೋಜನೆಯಲ್ಲಿ ಬಿಟಿಇ ಮಿಷನ್ ಸಿಗುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ, ಮೌಲ್ಡ್ ಎರಡೂ ಆಗುತ್ತವೆ. ಎಲ್ಲಿಂದ ತಂದರೂ ಮಿಷನ್ನಿಗೆ ಇನ್ನೂ ಹತ್ತು ಸಾವಿರ ಸುರಿಯುವ ಮೊದಲು ಅಳತೆಗೆ ಸರಿಯಾದ ಮೌಲ್ಡಿಗೆ ಖರ್ಚು ಮಾಡಿ. ಎರಡು ಮೂರು ವರ್ಷಕ್ಕೆ ಕಿವಿಯ ಆಕಾರ ಬದಲಾದರೆ ಹೊಸ ಅಳತೆ ಕೊಡಿ.

ಮೇ ಕೊನೆಯ ವಾರ ಎರಡೂ ಕಿವಿಗೆ ಹೊಸ ಟ್ಯೂಬ್, ಬಿರುಕಿದ್ದರೆ ಹೊಸ ಹುಕ್, ಡಬ್ಬಿಗೆ ಹೊಸ ಹರಳು. ಚೀಲದಲ್ಲಿ ಬ್ಲೋವರ್, ತಾರೀಕು ಮೀರದ ಒಂದು ಪಟ್ಟಿ ಸೆಲ್, ಕತ್ತರಿಸಿ ಸಿದ್ಧಮಾಡಿಟ್ಟ ಎರಡು ಟ್ಯೂಬ್.