ಹಳೇ ಗಾಡಿ ವ್ಯಾಪಾರಕ್ಕೆ ಲೈಸೆನ್ಸ್ ಮಾಡಿಸುತ್ತಿದ್ದೀರಾ? ಈ ಏಜೆಂಟ್ ಆಟ ಗೊತ್ತಿರಲಿ

ಶಿವಮೊಗ್ಗ, ಭದ್ರಾವತಿ, ಸಾಗರ, ತೀರ್ಥಹಳ್ಳಿ ಕಡೆ ಸೆಕೆಂಡ್ ಹ್ಯಾಂಡ್ ಗಾಡಿ ವ್ಯಾಪಾರ ಶುರು ಮಾಡಬೇಕು ಅಂತ ಇರುವವರು ಇದನ್ನು ಪೂರ್ತಿ ಓದಿ. ಲೈಸೆನ್ಸ್ ಅಂತ ಒಬ್ಬ ಏಜೆಂಟ್ ನನ್ನ ಕೈಗೆ ಕೊಟ್ಟ ಕಾಗದಕ್ಕೆ 45,000 ರೂಪಾಯಿ ಕೊಟ್ಟೆ. ಆ ಕಾಗದ ಸರ್ಕಾರದ ಲೆಕ್ಕದಲ್ಲಿ ಇರಲೇ ಇಲ್ಲ. ದುಡ್ಡು ಹೋದದ್ದು ನನ್ನದು, ಅದು ಹಾಗಿರಲಿ. ಪೊಲೀಸ್ ನೋಟಿಸ್ ಹೋದದ್ದು ಮಾತ್ರ ನಮಗೆ ಪಿಕಪ್ ಮಾರಿ ತೋಟ ನೋಡಿಕೊಂಡಿದ್ದ ಹೊಸನಗರ ಕಡೆಯ ಒಬ್ಬ ಹಿರಿಯರಿಗೆ.

ಮೊದಲೆಲ್ಲ ಈ ವ್ಯಾಪಾರಕ್ಕೆ ಅಂತಲೇ ಸಾರಿಗೆ ಇಲಾಖೆಯ ಲೈಸೆನ್ಸ್ ಬೇಕಿರಲಿಲ್ಲ. ಪಾಲಿಕೆಯ ಉದ್ದಿಮೆ ಪರವಾನಗಿ, ಜಿಎಸ್‌ಟಿ ನಂಬರ್, ರಸ್ತೆ ಬದಿಗೆ ಒಂದು ಖಾಲಿ ಸೈಟು, ಮಳೆಗೆ ತಗಡಿನ ಶೀಟು. ಮುಗೀತು ಅಂಗಡಿ. ಗಾಡಿ ಕೊಡುವವರಿಂದ ಮಾಲೀಕರ ಹೆಸರು ಬದಲಾಯಿಸುವ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿ ಡ್ರಾಯರಿನಲ್ಲಿ ಇಟ್ಟುಕೊಳ್ಳುವುದು, ಗಿರಾಕಿ ಸಿಕ್ಕಿದ ಮೇಲೆ ಹೆಸರು ತುಂಬುವುದು. ಊರಿಗೆ ಊರೇ ಹೀಗೆ ನಡೆಸಿಕೊಂಡು ಬಂದಿತ್ತು.

2022ರ ಡಿಸೆಂಬರಿನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದರು. 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ರಿಜಿಸ್ಟರ್ ಆದ ಹಳೇ ಗಾಡಿಗಳನ್ನು ಕೊಂಡು ಮಾರುವವರು ನೋಂದಣಿ ಪ್ರಾಧಿಕಾರದಿಂದ, ಅಂದರೆ ನಮ್ಮ ಮಾತಿನಲ್ಲಿ ಆರ್‌ಟಿಒದಿಂದ, ಅಧಿಕೃತ ಡೀಲರ್ ಅಂತ ಸರ್ಟಿಫಿಕೇಟ್ ತಗೋಬೇಕು. ಅರ್ಜಿ ಫಾರಂ 29ಎ, ಸಿಗುವ ಸರ್ಟಿಫಿಕೇಟ್ ಫಾರಂ 29ಬಿ. ಐದು ವರ್ಷ ನಡೆಯುತ್ತದೆ. ಎಲ್ಲಾ ಸರ್ಕಾರದ ಆನ್‌ಲೈನ್ ಪೋರ್ಟಲ್ ಮೂಲಕವೇ.

ನನ್ನ ಅಂಗಡಿ ಸವಳಂಗ ರಸ್ತೆ ಕಡೆ. ಈ ಸರ್ಟಿಫಿಕೇಟ್ ಬೇಕು ಅಂತ ವಿಚಾರಿಸುತ್ತಿದ್ದಾಗಲೇ ಏಜೆಂಟ್ ತಾನಾಗಿ ಬಂದ. ಹೆಸರು ಇಲ್ಲಿ ಹಾಕುವುದಿಲ್ಲ, ದೂರು ನಡೆಯುತ್ತಿದೆ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಕಂಕುಳಲ್ಲಿ ಫೈಲು, ಮಾತು ಬೆಣ್ಣೆ. "ಅಣ್ಣಾ, ನೀವು ವ್ಯಾಪಾರ ನೋಡ್ಕೊಳ್ಳಿ. ಟಿಸಿ, ಅಂದ್ರೆ ಟ್ರೇಡ್ ಸರ್ಟಿಫಿಕೇಟು, ನಾನು ಮಾಡಿಸಿ ಕೊಡ್ತೀನಿ. ಎಲ್ಲಾ ಸೇರಿ ಪ್ಯಾಕೇಜು" ಅಂದ. ಸರ್ಕಾರಿ ಶುಲ್ಕದ ರಸೀದಿ ಕೇಳಿದರೆ "ಅದೆಲ್ಲ ಕೊನೆಗೆ ಒಟ್ಟಿಗೆ ಬರುತ್ತೆ ಅಣ್ಣಾ". ಅರ್ಜಿ ನಂಬರ್ ಕೇಳಿದರೆ "ಸರ್ವರ್ ಡೌನ್". ಈ ಸರ್ವರ್ ಅನ್ನೋದು ನಮ್ಮ ಕಡೆ ಎಷ್ಟು ಜನರ ಸುಳ್ಳನ್ನು ಹೊತ್ತುಕೊಂಡಿದೆಯೋ ಏನೋ.

ಜಿಎಸ್‌ಟಿ ವಿಷಯದಲ್ಲೂ ಒಂದು ಬೆದರಿಕೆ ಬಿಟ್ಟಿದ್ದ. ಗಾಡಿಯ ಪೂರ್ತಿ ಬೆಲೆಗೆ ಶೇಕಡಾ 18 ಕಟ್ಟಬೇಕಾಗುತ್ತೆ, ಬೇರೆ ಸೆಟ್ಟಿಂಗ್ ಇದೆ, ಅದಕ್ಕೆ ಬೇರೆ ಚಾರ್ಜು ಅಂತ. ಇದು ಶುದ್ಧ ಸುಳ್ಳು. 2025ರ ಜನವರಿಯಿಂದ ಹಳೇ ಗಾಡಿಗೆ ಶೇಕಡಾ 18 ಆಗಿರುವುದು ನಿಜ. ಆದರೆ ನಾವು ಕೊಂಡಾಗ ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಯನ್ನು ನಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವುದು) ತಗೊಂಡಿರದಿದ್ದರೆ ಆ ತೆರಿಗೆ ಮಾರ್ಜಿನ್ ಮೇಲೆ ಮಾತ್ರ. ಎರಡು ಲಕ್ಷಕ್ಕೆ ಕೊಂಡು ಎರಡು ಲಕ್ಷ ಇಪ್ಪತ್ತು ಸಾವಿರಕ್ಕೆ ಮಾರಿದರೆ ಇಪ್ಪತ್ತು ಸಾವಿರಕ್ಕೆ ಲೆಕ್ಕ. ನಷ್ಟಕ್ಕೆ ಮಾರಿದರೆ ತೆರಿಗೆಯೇ ಇಲ್ಲ. ಇದನ್ನು ನಮ್ಮ ಆಡಿಟರ್ ಒಂದೇ ಫೋನಿನಲ್ಲಿ ಬಿಡಿಸಿ ಹೇಳಿದರು, ಆ ಚಾರ್ಜು ಉಳಿಯಿತು.

ಕೊನೆಗೆ ಸರ್ಟಿಫಿಕೇಟ್ ಬಂತು. ಲ್ಯಾಮಿನೇಶನ್, ಮೂಲೆಯಲ್ಲಿ ಫಳಫಳ ಹೊಳೆಯುವ ಹೋಲೋಗ್ರಾಂ ಸ್ಟಿಕ್ಕರ್, ನೀಲಿ ಸೀಲು, ಅಂಗಡಿ ಹೆಸರು ದಪ್ಪ ಅಕ್ಷರದಲ್ಲಿ. ಜೊತೆಗೆ ಕೆಂಪು ಬಣ್ಣದ ಮೇಲೆ ಬಿಳಿ ಅಕ್ಷರದ ಒಂದು ಬೋರ್ಡು ಬೇರೆ. "ಟ್ರಯಲ್ ಕೊಡುವಾಗ ಇದನ್ನ ಕಟ್ಕೊಳ್ಳಿ ಅಣ್ಣಾ, ಯಾರೂ ಕೇಳಲ್ಲ." ಕೆಎ 14 ಅಂತ ನಂಬರ್ ಇರುವ ಗಾಡಿಗೆ ಅದರ ಮೇಲೆ ಇನ್ನೊಂದು ಬೋರ್ಡ್ ಯಾಕೆ ಅಂತ ಕೇಳಿದ್ದಕ್ಕೆ ನಕ್ಕ, ಉತ್ತರ ಕೊಡಲಿಲ್ಲ. ಫೋನ್‌ಪೇಯಲ್ಲಿ ದುಡ್ಡು ತಗೊಂಡದ್ದು ತನ್ನ ಖಾತೆಗಲ್ಲ, ಇನ್ನೊಬ್ಬರ ಖಾತೆಗೆ. ಇದೂ ನೆನಪಿರಲಿ.

ಅಡಿಕೆ ಕೊಯ್ಲು ಮುಗಿದು ದುಡ್ಡು ಓಡಾಡುವ ಹೊತ್ತಿಗೆ ನಮ್ಮಲ್ಲಿ ಪಿಕಪ್, ಜೀಪುಗಳಿಗೆ ಗಿರಾಕಿ ಜಾಸ್ತಿ. ಆ ಹಿರಿಯರ ಪಿಕಪ್ ತಗೊಂಡೆವು. ಲೈಸೆನ್ಸ್ ಇರುವ ಡೀಲರ್ ಗಾಡಿ ತಗೊಂಡಾಗ ಫಾರಂ 29ಸಿಯಲ್ಲಿ ಅದನ್ನು ಪೋರ್ಟಲ್ ಮೂಲಕ ತಿಳಿಸಬೇಕು. ಯಾರ ಗಾಡಿ, ಯಾವ ಡೀಲರ್ ಕೈಗೆ ಬಂತು ಅಂತ. ಆಮೇಲೆ ಡೀಲರನ್ನೇ ಮಾಲೀಕ ಅಂತ ಪರಿಗಣಿಸುತ್ತಾರೆ, ಹಳೇ ಮಾಲೀಕರು ಪಾರು. ಇಡೀ ಲೈಸೆನ್ಸಿನ ಜೀವ ಇರುವುದು ಇಲ್ಲೇ. ಈ ಎಂಟ್ರಿ ಹಾಕಬೇಕು, ಲಾಗಿನ್ ಕೊಡು ಅಂದರೆ ಏಜೆಂಟ್ "ಇನ್ನೂ ಆಕ್ಟಿವ್ ಆಗಿಲ್ಲ, ಸದ್ಯಕ್ಕೆ 29, 30 ಸಹಿ ಸಾಕು, ಎಲ್ಲರೂ ಹಾಗೇ ಮಾಡ್ತಿದಾರೆ" ಅಂತಲೇ ತಳ್ಳುತ್ತಾ ಬಂದ.

ಪಿಕಪ್ ಭದ್ರಾವತಿಯ ಒಬ್ಬರಿಗೆ ಹೋಯಿತು. ಅವರು ಹೆಸರು ಬದಲಾಯಿಸಿಕೊಳ್ಳಲು ಇವತ್ತು ನಾಳೆ ಅಂದರು. ಅಷ್ಟರಲ್ಲಿ ಇನ್ಶೂರೆನ್ಸ್ ಮುಗಿದಿತ್ತು. ಆಯನೂರು ಹತ್ತಿರ ಒಬ್ಬ ಸ್ಕೂಟರಿನವರಿಗೆ ತಾಗಿ ಅವರ ಕಾಲು ಮುರಿಯಿತು. ಪೊಲೀಸರು ನಂಬರ್ ಹಾಕಿ ನೋಡಿದರೆ ಮಾಲೀಕರು ಯಾರು? ಹೊಸನಗರದ ಹಿರಿಯರು. ಆ ಹೊತ್ತಿನಲ್ಲಿ ಗಾಡಿ ಓಡಿಸುತ್ತಿದ್ದವರು ಯಾರು ಅಂತ ಮಾಹಿತಿ ಕೊಡಿ ಅಂತ ಅವರ ಮನೆಗೇ ನೋಟಿಸ್.

ಅವರು ಬೆಳಗಿನ ಬಸ್ಸಿಗೇ ಬಂದರು. ಪಂಚೆ, ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟ ನೋಟಿಸ್. ಕೂಗಾಡಲಿಲ್ಲ. "ತಮ್ಮಾ, ಗಾಡಿ ನಿಂಗೆ ಕೊಟ್ಟಾಯ್ತಲ್ಲ. ಲೈಸೆನ್ಸ್ ಅಂಗಡಿ ಅಂತಲೇ ಕೊಟ್ಟೆ ಮಾರಾಯಾ. ಈ ವಯಸ್ಸಲ್ಲಿ ಸ್ಟೇಷನ್ ಮೆಟ್ಟಿಲು ಹತ್ತಿಸ್ತೀಯಲ್ಲ" ಅಂದರು. ಗೋಡೆ ಮೇಲೆ ಆ ಸರ್ಟಿಫಿಕೇಟ್ ನೇತಾಡುತ್ತಿತ್ತು. ಅದನ್ನೇ ಬಿಚ್ಚಿಕೊಂಡು ಆರ್‌ಟಿಒ ಕಚೇರಿಗೆ ಹೋದೆ.

ಕೇಸ್ ವರ್ಕರ್ ಕಂಪ್ಯೂಟರಿನಲ್ಲಿ ಹುಡುಕಿದರು. ಅಂಗಡಿ ಹೆಸರಿನಲ್ಲಿ ಅರ್ಜಿಯೂ ಇಲ್ಲ, ಸರ್ಟಿಫಿಕೇಟೂ ಇಲ್ಲ. ಆಮೇಲೆ ಕಾಗದವನ್ನು ಬೆಳಕಿಗೆ ಹಿಡಿದು ಮೇಲ್ಗಡೆ ಸಣ್ಣ ಅಕ್ಷರದ ಮೇಲೆ ಬೆರಳಿಟ್ಟರು. "ಫಾರಂ 17 ಅಂತ ಇದೆ ನೋಡಿ ಸರ್. ಇದು ಹೊಸ ಗಾಡಿ ಶೋರೂಮಿನವರಿಗೆ ಕೊಡೋ ಟ್ರೇಡ್ ಸರ್ಟಿಫಿಕೇಟು. ನಿಮ್ಮದು ಸೆಕೆಂಡ್ಸ್ ಅಲ್ವಾ?" ಯಾವುದೋ ಶೋರೂಮಿನ ಟ್ರೇಡ್ ಸರ್ಟಿಫಿಕೇಟನ್ನು ಸ್ಕ್ಯಾನ್ ಮಾಡಿ ಹೆಸರು ಬದಲಾಯಿಸಿ ಪ್ರಿಂಟ್ ತೆಗೆದಿದ್ದರು. ಆ ನಂಬರ್ ಬೇರೆಯವರದ್ದು.

ಏಜೆಂಟ್‌ಗಳು ಆಡುವುದೇ ಈ ಸಂದಿಯಲ್ಲಿ. ಟಿಸಿ ಅನ್ನುವುದು ಎಲ್ಲರಿಗೂ ಕೇಳಿ ಗೊತ್ತು. ಅದು ಇನ್ನೂ ರಿಜಿಸ್ಟರ್ ಆಗದ ಹೊಸ ಗಾಡಿಗೆ. ಅರ್ಜಿ ಫಾರಂ 16ರಲ್ಲಿ. ಕಂಪನಿಯ ಡೀಲರ್‌ಶಿಪ್ ಇಲ್ಲದ ನಮ್ಮಂಥವರಿಗೆ ಅದು ಸಂಬಂಧವೇ ಇಲ್ಲ. ಆ ಕೆಂಪು ಬೋರ್ಡೂ ಅಷ್ಟೇ, ನಂಬರ್ ಇರುವ ಹಳೇ ಗಾಡಿಗೆ ಕಟ್ಟುವಂತಿಲ್ಲ. ನಿಜವಾದ 29ಬಿ ಇದ್ದರೂ ಅಂಗಡಿಯ ಗಾಡಿಯನ್ನು ಮನೆ ಮದುವೆಗೆ ಓಡಿಸುವ ಹಾಗಿಲ್ಲ. ಟ್ರಯಲ್, ಗಿರಾಕಿಗೆ ತೋರಿಸಲು, ರಿಪೇರಿ, ಪೇಂಟಿಂಗ್, ತಪಾಸಣೆ, ಇಷ್ಟಕ್ಕೆ ಮಾತ್ರ. ಯಾರು ಓಡಿಸಿದರು, ಯಾಕೆ, ಎಷ್ಟು ಹೊತ್ತು, ಎಷ್ಟು ಕಿಲೋಮೀಟರ್ ಅಂತ ಎಲೆಕ್ಟ್ರಾನಿಕ್ ರಿಜಿಸ್ಟರ್ ಇಡಬೇಕು. ಲೈಸೆನ್ಸ್ ಮಾಡಿಸಿ ಕೊಡುತ್ತೇನೆ ಅನ್ನುವವನು ಈ ರಿಜಿಸ್ಟರ್ ಬಗ್ಗೆ ಒಂದು ಮಾತೂ ಆಡದಿದ್ದರೆ ಅಲ್ಲೇ ಅನುಮಾನ ಪಡಿ.

ಇನ್ನು ಹಳೇ ಮಾಲೀಕರ ಹೊಣೆ. ಸಹಿ ಮಾಡಿದ ಖಾಲಿ ಫಾರಂ ಇದೆ, ದುಡ್ಡು ಕೊಟ್ಟ ರಸೀದಿ ಇದೆ ಅಂದರೆ ಸಾಲುವುದಿಲ್ಲ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಗಾಡಿ ಎಷ್ಟು ಕೈ ಬದಲಾಗಿದ್ದರೂ ಅಪಘಾತ ಪರಿಹಾರದ ಹೊಣೆ ಅವರದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಇನ್ಶೂರೆನ್ಸ್ ಬೇರೆ ಇಲ್ಲದಿದ್ದರೆ ಏನಾಗಬಹುದು ಅಂತ ನೀವೇ ಯೋಚಿಸಿ. ನಿಜವಾದ ಲೈಸೆನ್ಸ್ ಇದ್ದು 29ಸಿ ಎಂಟ್ರಿ ಆಗಿದ್ದರೆ ಆ ನೋಟಿಸ್ ನನಗೆ ಬರುತ್ತಿತ್ತು. ಬರಬೇಕಾದದ್ದೂ ನನಗೇ. ನಾನು ಗಾಡಿ ಯಾರಿಗೆ ಕೊಟ್ಟೆ ಅಂತ ದಾಖಲೆ ಸಮೇತ ಸ್ಟೇಷನ್‌ಗೆ ಹೋಗಿ ಹೇಳಿಕೆ ಕೊಟ್ಟಿದ್ದೇನೆ, ವಕೀಲರ ಖರ್ಚೂ ನಾನೇ ನೋಡಿಕೊಳ್ಳುತ್ತಿದ್ದೇನೆ. ಆ ಹಿರಿಯರ ಓಡಾಟ ಮಾತ್ರ ಇನ್ನೂ ತಪ್ಪಿಲ್ಲ.

ಗಾಡಿ ಮಾರುವವರೂ ಇದನ್ನು ಕೇಳಿ ತಿಳಿದುಕೊಳ್ಳಿ. ಅಂಗಡಿಯವರಿಗೆ ಕೀ ಕೊಡುವ ಮೊದಲು 29ಸಿ ಎಂಟ್ರಿ ನಿಮ್ಮ ಎದುರಿಗೇ ಹಾಕಿಸಿ, ಪ್ರಿಂಟ್ ಇಸ್ಕೊಳ್ಳಿ. ಆಗಲ್ಲ ಅಂದರೆ ಗಾಡಿ ವಾಪಸ್ ತಗೊಂಡು ಹೋಗಿ. ನೇರವಾಗಿ ಪರಿಚಯದವರಿಗೆ ಮಾರಿದರೂ 14 ದಿನದೊಳಗೆ ನೀವು ಆರ್‌ಟಿಒಗೆ ತಿಳಿಸಬೇಕು, ಕೊಂಡವರಿಗೆ 30 ದಿನ. ನಮ್ಮ ಕಡೆ ಇದನ್ನು ಯಾರೂ ಲೆಕ್ಕಕ್ಕೇ ಇಡಲ್ಲ, ಅದು ಬೇರೆ ಕಥೆ.

ಲೈಸೆನ್ಸ್ ಮಾಡಿಸುವವರು ಅರ್ಜಿಯನ್ನು ನಿಮ್ಮ ಮೊಬೈಲ್ ನಂಬರ್ ಹಾಕಿಯೇ ಮಾಡಿ, ಒಟಿಪಿ ನಿಮ್ಮ ಫೋನಿಗೇ ಬರಲಿ. ಟೈಪ್ ಮಾಡಲು ಸೈಬರ್ ಸೆಂಟರಿನವರು ಸಾಕು, ನೂರಿನ್ನೂರು ಕೊಟ್ಟರೆ ಮುಗೀತು. ಶುಲ್ಕ ಆನ್‌ಲೈನಿನಲ್ಲಿ ಸರ್ಕಾರಕ್ಕೇ ಹೋಗಬೇಕು, ರಸೀದಿ ಆಗಲೇ ಬರಬೇಕು. ಅಂಗಡಿ ಸಾಗರದಲ್ಲಿದ್ದರೆ ಸಾಗರದ ಕಚೇರಿಗೆ ಅರ್ಜಿ, ಶಿವಮೊಗ್ಗದಲ್ಲಿ ನಂಗೆ ಗೊತ್ತಿರೋರು ಇದಾರೆ ಅನ್ನುವ ಮಾತಿಗೆ ಅಲ್ಲಿ ಬೆಲೆಯಿಲ್ಲ. ಸರ್ಟಿಫಿಕೇಟ್ ಕೈಗೆ ಬಂದ ದಿನವೇ ಕಚೇರಿಗೆ ಹೋಗಿ ಕಂಪ್ಯೂಟರಿನಲ್ಲಿ ಹೆಸರು ಇದೆಯಾ ಅಂತ ನೋಡಿಸಿ.

ನಾನು ಈಗ ನಾನೇ ಅರ್ಜಿ ಹಾಕಿದ್ದೇನೆ, ಅದು ಆಗುವವರೆಗೆ ಬೇರೆ ಗಾಡಿ ತಗೊಳ್ಳುವುದು ನಿಲ್ಲಿಸಿದ್ದೇನೆ. ಆ ಏಜೆಂಟ್ ಫೋನ್ ಎತ್ತುತ್ತಿಲ್ಲ. ಸಾಗರ, ಸೊರಬ ಕಡೆ ಓಡಾಡುತ್ತಿದ್ದಾನೆ ಅಂತ ಕೇಳಿದೆ, ಅದೇ ಪ್ಯಾಕೇಜು, ಅದೇ ಕೆಂಪು ಬೋರ್ಡು. ನಿಮ್ಮ ಅಂಗಡಿ ಗೋಡೆಯ ಮೇಲಿನ ಸರ್ಟಿಫಿಕೇಟಿನಲ್ಲೂ ಫಾರಂ 17 ಅಂತ ಇದ್ದರೆ ಇವತ್ತೇ ಇಳಿಸಿ, ದುಡ್ಡು ಕಳಿಸಿದ ಸ್ಕ್ರೀನ್‌ಶಾಟ್ ಜೊತೆ ನಿಮ್ಮ ಸ್ಟೇಷನ್‌ನಲ್ಲಿ ದೂರು ಕೊಡಿ. ಒಬ್ಬನ ದೂರು ಅಂದರೆ ದುಡ್ಡಿನ ಜಗಳ ಅಂತ ಪಕ್ಕಕ್ಕಿಡುತ್ತಾರೆ. ನಾಲ್ಕೈದು ಜನ ಒಂದೇ ಥರದ ಕಾಗದ ಹಿಡಿದುಕೊಂಡು ಬಂದರೆ ಹಾಗೆ ಮಾಡಲು ಆಗಲ್ಲ.