ಎಪಿಐಗೆ ಬರುವ ಜೇಸನ್ ಪರೀಕ್ಷೆ: ಕೈಯಿಂದ ಬರೆದ ಚೆಕ್, ಜೇಸನ್ ಸ್ಕೀಮಾ, ಪೈಡ್ಯಾಂಟಿಕ್

ಪುಸ್ತಕದ ಆರ್ಡರ್ ತೆಗೆದುಕೊಳ್ಳುವ ಒಂದು ಚಿಕ್ಕ ಎಪಿಐ (ಬೇರೆ ಪ್ರೋಗ್ರಾಂಗಳು ಡೇಟಾ ಕಳಿಸುವ ದಾರಿ). ಡೇಟಾ ಬರುವುದು ಜೇಸನ್ ಎಂಬ ಪಠ್ಯರೂಪದಲ್ಲಿ. ಬರುವುದು ನಾಲ್ಕೇ ಫೀಲ್ಡ್: ಹೆಸರು, ಪಿನ್‌ಕೋಡ್, ಎಷ್ಟು ಪ್ರತಿ, ಗಿಫ್ಟ್ ಪ್ಯಾಕ್ ಬೇಕಾ ಬೇಡವಾ. ಇದನ್ನು ಪೈಥಾನ್‌ನಲ್ಲಿ ಮೂರು ರೀತಿ ಬರೆದು, ಮೂರಕ್ಕೂ ಅದೇ ಕೆಟ್ಟ ಡೇಟಾ ಕಳಿಸಿ ನೋಡಿದೆ. ಸರಿಯಾದ ಡೇಟಾವನ್ನು ಎಲ್ಲವೂ ಒಪ್ಪುತ್ತವೆ, ಅದರಲ್ಲಿ ಹೋಲಿಸುವುದಕ್ಕೆ ಏನೂ ಇಲ್ಲ. ಯಾವ ತಪ್ಪು ಸದ್ದಿಲ್ಲದೆ ಒಳಗೆ ನುಸುಳುತ್ತದೆ, ಕಳಿಸಿದವರಿಗೆ ಏನು ಉತ್ತರ ಹೋಗುತ್ತದೆ ಎಂಬುದೇ ನನಗೆ ಮುಖ್ಯ.

ಮೊದಲು ಫ್ಲಾಸ್ಕ್ ಎಂಬ ಪೈಥಾನ್ ವೆಬ್ ಫ್ರೇಮ್‌ವರ್ಕ್‌ನಲ್ಲಿ ಕೈಯಿಂದ ಬರೆದ ಚೆಕ್. ಓದುವ ಕೆಲಸ ಸುಲಭ. ಜೇಸನ್ ಮುರಿದಿದ್ದರೆ ಫ್ಲಾಸ್ಕ್ ತಾನೇ 400 (ಕೋರಿಕೆಯೇ ತಪ್ಪು ಎಂಬ ಎಚ್‌ಟಿಟಿಪಿ ಉತ್ತರ ಸಂಖ್ಯೆ) ಕೊಡುತ್ತದೆ. ಕಂಟೆಂಟ್ ಟೈಪ್ (ಡೇಟಾ ಯಾವ ಬಗೆಯದೆಂದು ಹೇಳುವ ಹೆಡರ್) ಜೇಸನ್ ಅಲ್ಲದಿದ್ದರೆ ಹೊಸ ಆವೃತ್ತಿಗಳಲ್ಲಿ 415 (ಈ ಬಗೆಯ ಡೇಟಾ ಒಪ್ಪುವುದಿಲ್ಲ) ಬರುತ್ತದೆ. ಈ 415 ಕಾಟ ಬೇಡವೆಂದು ಆ ಹೆಡರ್ ನೋಡದೆಯೇ ಓದುವ ಫೋರ್ಸ್ ಆಯ್ಕೆ ಆನ್ ಮಾಡುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಕಳಿಸುವವರ ಕೋಡ್‌ನಲ್ಲಿರುವ ತಪ್ಪು ಅವರಿಗೆ ಗೊತ್ತಾಗಲಿ.

ಕಷ್ಟ ಶುರುವಾಗುವುದು ಓದಿದ ಮೇಲೆ. ಬಂದದ್ದು ಡಿಕ್ಷನರಿಯೇ (ಫೀಲ್ಡ್ ಹೆಸರು ಮತ್ತು ಅದರ ಮೌಲ್ಯದ ಜೋಡಿಗಳು) ಆಗಿರಬೇಕೆಂದಿಲ್ಲ. ಬರೀ 5 ಎಂದು ಕಳಿಸಿದರೂ ಅದು ಸರಿಯಾದ ಜೇಸನ್ನೇ. ಇನ್ನು ಪೈಥಾನ್‌ಗೆ ಟ್ರೂ (ಹೌದು) ಕೂಡ ಇಂಟಿಜರ್, ಅಂದರೆ ಪೂರ್ಣಾಂಕ. ಪ್ರತಿಗಳ ಜಾಗದಲ್ಲಿ ಟ್ರೂ ಬಂದರೆ ಇಂಟಿಜರ್ ಚೆಕ್ ಪಾಸ್ ಆಗಿ ಒಂದು ಪ್ರತಿ ಬುಕ್ ಆಗುತ್ತದೆ. ಗಿಫ್ಟ್ ಪ್ಯಾಕ್‌ಗೆ ಫಾಲ್ಸ್ ಎಂಬುದು ಸ್ಟ್ರಿಂಗ್ (ಪಠ್ಯ) ಆಗಿ ಬಂದು, ಅದನ್ನು ಬೂಲ್ ಫಂಕ್ಷನ್‌ಗೆ ಕೊಟ್ಟರೆ ಸಿಗುವುದು ಟ್ರೂ. ಹೀಗೆ ಒಂದೊಂದನ್ನೂ ನೆನಪಿಟ್ಟು ತಡೆಯಬೇಕು. ನಾಲ್ಕು ಫೀಲ್ಡ್‌ಗೇ ಇಷ್ಟು ಇಫ್ ಆದರೆ ನಲವತ್ತಕ್ಕೆ ಎಷ್ಟು, ಅಲ್ವಾ?

ಡೇಟಾ ಹೇಗಿರಬೇಕೆಂಬ ನಿಯಮಗಳನ್ನು ಜೇಸನ್‌ನಲ್ಲೇ ಬರೆಯುವ ಜೇಸನ್ ಸ್ಕೀಮಾ ಇಲ್ಲಿ ಹೆಚ್ಚು ಕಟ್ಟುನಿಟ್ಟು. ಟ್ರೂ ಇಂಟಿಜರ್ ಅಲ್ಲ ಎಂದು ನೇರವಾಗಿ ಹೇಳುತ್ತದೆ. ಆದರೆ 2.0 ಬಂದರೆ ಇಂಟಿಜರ್ ಎಂದೇ ಒಪ್ಪುತ್ತದೆ, ನಿಮ್ಮ ಕೋಡ್‌ಗೆ ಸಿಗುವುದು ಮಾತ್ರ ಫ್ಲೋಟ್ (ದಶಮಾಂಶ ಸಂಖ್ಯೆ). ನೀವು ಕೇಳದ ಫೀಲ್ಡ್‌ಗಳನ್ನೂ ಅದು ಸುಮ್ನೆ ಬಿಡುತ್ತದೆ, ಬೇಡವೆಂದರೆ ಸ್ಕೀಮಾದಲ್ಲೇ ಬರೆಯಬೇಕು. ಈಮೇಲ್ ಫಾರ್ಮ್ಯಾಟ್ ಎಂದು ಬರೆದ ಮಾತ್ರಕ್ಕೆ ಪೈಥಾನ್ ಲೈಬ್ರರಿ ಈಮೇಲ್ ಪರೀಕ್ಷಿಸುವುದಿಲ್ಲ, ಫಾರ್ಮ್ಯಾಟ್ ಚೆಕರ್ ಬೇರೆಯಾಗಿ ಕೊಡಬೇಕು. ಇದು ತುಂಬ ಜನರ ಗಮನಕ್ಕೆ ಬರುವುದಿಲ್ಲ.

ಪೈಡ್ಯಾಂಟಿಕ್ ಡೇಟಾ ಪರೀಕ್ಷಿಸುವ ಪೈಥಾನ್ ಲೈಬ್ರರಿ. ಅದರ ಎರಡನೇ ಆವೃತ್ತಿ 2023ರಲ್ಲಿ ಬಂತು, ಒಳಗಿನ ಎಂಜಿನ್ ರಸ್ಟ್ ಭಾಷೆಯಲ್ಲಿದೆ. ಅದನ್ನು ಫಾಸ್ಟ್‌ಎಪಿಐ ಎಂಬ ವೆಬ್ ಫ್ರೇಮ್‌ವರ್ಕ್ ಜೊತೆ ಬಳಸಿದೆ. ಒಂದು ಕ್ಲಾಸ್ ಬರೆದರೆ ಸಾಕು, ತಪ್ಪು ಡೇಟಾಕ್ಕೆ 422 (ಡೇಟಾ ನಿಯಮಕ್ಕೆ ಹೊಂದಿಲ್ಲ ಎಂಬ ಉತ್ತರ) ತಾನಾಗಿ ಹೋಗುತ್ತದೆ. ಆದರೆ ಇದರ ಮೂಲ ಸ್ವಭಾವ ತುಂಬ ಧಾರಾಳ. 2 ಎಂಬುದು ಸ್ಟ್ರಿಂಗ್ ಆಗಿ ಬಂದರೂ ಸಂಖ್ಯೆ ಮಾಡಿಕೊಳ್ಳುತ್ತದೆ, ಯೆಸ್ ಎಂದರೆ ಟ್ರೂ ಮಾಡುತ್ತದೆ, ಟ್ರೂ ಬಂದರೆ 1 ಮಾಡುತ್ತದೆ. ಆದ್ದರಿಂದ ಪ್ರತಿಗಳಿಗೆ ಮತ್ತು ಗಿಫ್ಟ್ ಪ್ಯಾಕ್‌ಗೆ ಹೀಗೆ ಬದಲಿಸಿಕೊಳ್ಳದ ಸ್ಟ್ರಿಕ್ಟ್ ಟೈಪ್ ಹಾಕಿದೆ. ಇಡೀ ಮಾಡೆಲ್‌ಗೆ ಹಾಕುವ ಮುಂಚೆ ಯೋಚಿಸಿ: ಪಾರ್ಸ್ ಆದ ಡಿಕ್ಷನರಿ ಕೊಟ್ಟರೆ, ತಾರೀಖಿನ ಸ್ಟ್ರಿಂಗನ್ನೂ ಅದು ತಳ್ಳಿಹಾಕುತ್ತದೆ.

ನಾನು ಜಾಸ್ತಿ ಹೊತ್ತು ಕೂತದ್ದು ಕನ್ನಡ ಹೆಸರಿನ ಪರೀಕ್ಷೆಗೆ. ಹೆಸರಿನ ಫೀಲ್ಡ್‌ಗೆ ಅಕ್ಷರ, ಅಂಕಿ, ಅಂಡರ್‌ಸ್ಕೋರ್‌ಗೆ ಹೊಂದುವ ಬ್ಯಾಕ್‌ಸ್ಲ್ಯಾಷ್ ಡಬ್ಲ್ಯೂ ಪ್ಯಾಟರ್ನ್ ಹಾಕಿ, ಶುರುವಿನಿಂದ ಕೊನೆಯವರೆಗೂ ಹೊಂದಬೇಕೆಂದು ಬರೆದು, ರಾಮ ಎಂದು ಕಳಿಸಿದೆ. ಕೈಯಿಂದ ಬರೆದ ಚೆಕ್‌ನಲ್ಲೂ ಜೇಸನ್ ಸ್ಕೀಮಾದಲ್ಲೂ ಫೇಲ್. ಎರಡೂ ಬಳಸುವುದು ಪೈಥಾನ್‌ನ ರೆಜೆಕ್ಸ್ (ಪ್ಯಾಟರ್ನ್ ಹೊಂದಿಸಿ ನೋಡುವ ಭಾಗ), ಅದು ದೀರ್ಘ, ಗುಣಿತ, ಹಲಂತದ ಚಿಹ್ನೆಗಳನ್ನು ಅಕ್ಷರವೆಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪೈಡ್ಯಾಂಟಿಕ್ ಮಾತ್ರ ಒಪ್ಪಿತು, ರಸ್ಟ್‌ನ ರೆಜೆಕ್ಸ್ ಆ ಚಿಹ್ನೆಗಳನ್ನೂ ಸೇರಿಸಿಕೊಳ್ಳುತ್ತದೆ. ಅದೇ ಪ್ಯಾಟರ್ನ್, ಬೇರೆ ಉತ್ತರ! ಉದ್ದದ ಮಿತಿಯಲ್ಲೂ ಇಂಥದ್ದೇ ತೊಂದರೆ. ಕೃಷ್ಣ ನಮಗೆ ಎರಡಕ್ಷರ, ಚಿಹ್ನೆಗಳನ್ನೂ ಬೇರೆಯಾಗಿ ಎಣಿಸುವ ಮೂರು ವಿಧಾನಕ್ಕೂ ಐದು. 20ರ ಮಿತಿ ಇಟ್ಟರೆ ನಮ್ಮ ಉದ್ದನೆಯ ಹೆಸರುಗಳು ಫೇಲ್ ಆಗುತ್ತವೆ. ತನ್ನ ಹೆಸರನ್ನು ತನ್ನ ಭಾಷೆಯಲ್ಲಿ ಬರೆದವರಿಗೆ ಅದು ತಪ್ಪು ಎನ್ನುವ ಫಾರ್ಮ್ ನೋಡಿದರೆ ನನಗೆ ಬೇಜಾರಾಗುತ್ತದೆ. ಹೆಸರಿಗೆ ಪ್ಯಾಟರ್ನೇ ಬೇಡ. ಖಾಲಿ ಇರಬಾರದು, ಮಿತಿ ಉದಾರವಾಗಿರಲಿ, ಅಷ್ಟು ಸಾಕು.

ಪಿನ್‌ಕೋಡ್‌ನಲ್ಲಿ ಉಲ್ಟಾ. ಅಂಕಿಗೆ ಹೊಂದುವ ಬ್ಯಾಕ್‌ಸ್ಲ್ಯಾಷ್ ಡಿ ಆರು ಸಲ ಎಂದರೆ ೫೬೦೦೦೧ ಕೂಡ ಮೂರರಲ್ಲೂ ಪಾಸ್. ಆಮೇಲೆ ಕೊರಿಯರ್ ಸಾಫ್ಟ್‌ವೇರ್‌ಗೆ ಅದು ಅರ್ಥವಾಗದೆ ಹೋಗಬಹುದು. 1ರಿಂದ 9ರೊಳಗಿನ ಒಂದು ಅಂಕಿ, ನಂತರ 0ಯಿಂದ 9ರೊಳಗಿನ ಐದು ಅಂಕಿ ಎಂದು ಬಿಡಿಸಿ ಬರೆಯುವುದೇ ಸರಿ. ಪ್ಯಾಟರ್ನ್‌ನ ಶುರು ಮತ್ತು ಕೊನೆಯ ಗುರುತು ಹಾಕಿ. ಇಲ್ಲದಿದ್ದರೆ ಹತ್ತಂಕಿಯ ಫೋನ್ ನಂಬರ್ ಕೂಡ ಪಿನ್‌ಕೋಡ್ ಆಗಿ ಒಳಗೆ ಬರುತ್ತದೆ.

ತಪ್ಪಿನ ಉತ್ತರದ ವಿಷಯದಲ್ಲಿ ಪೈಡ್ಯಾಂಟಿಕ್ ಮುಂದೆ. ಎಲ್ಲ ತಪ್ಪುಗಳನ್ನೂ ಒಟ್ಟಿಗೆ ಕೊಡುತ್ತದೆ, ಪ್ರತಿಯೊಂದಕ್ಕೂ ಯಾವ ಫೀಲ್ಡ್, ಯಾವ ಬಗೆ ಎಂದು ಹೇಳುತ್ತದೆ. ಆ ಬಗೆ ನೋಡಿ ಕನ್ನಡದ ಸಂದೇಶ ಜೋಡಿಸುವುದು ಸುಲಭವಾಯಿತು. ಜೇಸನ್ ಸ್ಕೀಮಾದಲ್ಲೂ ಆಗುತ್ತದೆ, ಆದರೆ ಉತ್ತರದ ರೂಪವನ್ನು ನಾವೇ ಕಟ್ಟಬೇಕು.

ಕೊನೆಗೆ ಉಳಿಸಿಕೊಂಡದ್ದು ಪೈಡ್ಯಾಂಟಿಕ್. ಆಂಡ್ರಾಯ್ಡ್ ಕಡೆಯವರಿಗೂ ಅದೇ ನಿಯಮ ಬೇಕಾದರೆ ಅದರಿಂದಲೇ ಜೇಸನ್ ಸ್ಕೀಮಾ ತೆಗೆದು ಕೊಡಬಹುದು. ಎರಡು ಕಡೆ ಬೇರೆ ಬೇರೆ ಭಾಷೆಯ ಕೋಡ್ ಇದ್ದು, ನಿಯಮವೇ ಮೊದಲು ಎಂದಾದರೆ ಸ್ಕೀಮಾದಿಂದಲೇ ಶುರು ಮಾಡಿ.

ಎರಡು ಕೆಲಸ ಮಾತ್ರ ಬಾಕಿ ಉಳಿದವು. ಒಂದೇ ಕೀ (ಫೀಲ್ಡ್ ಹೆಸರು) ಎರಡು ಸಲ ಬಂದರೆ ಮೂರರಲ್ಲೂ ಕೊನೆಯದೇ ಉಳಿಯುತ್ತದೆ, ಯಾವುದೂ ದೂರು ಹೇಳುವುದಿಲ್ಲ. ಇನ್ನು ಬಾಡಿ (ಕಳಿಸಿದ ಇಡೀ ಡೇಟಾ) ಎಷ್ಟು ದೊಡ್ಡದು ಎಂಬುದನ್ನು ಇಂಥ ಪರೀಕ್ಷೆಗೆ ಮುಂಚೆಯೇ ನೋಡಬೇಕು. ಎಪಿಐ ಮುಂದೆ ಎಂಜಿನ್‌ಎಕ್ಸ್ ವೆಬ್ ಸರ್ವರ್ ಇದ್ದರೆ ಅದರ ಡಿಫಾಲ್ಟ್ ಮಿತಿ 1 ಎಂಬಿ. ನಾಲ್ಕು ಫೀಲ್ಡ್‌ನ ಆರ್ಡರ್‌ಗೆ ಅದೂ ಜಾಸ್ತಿಯೇ, ನಾನು 16 ಕೆಬಿಗೆ ಇಳಿಸಿದ್ದೇನೆ.